ಕಡಲ ಬದಿಯ ಹಿತ್ತಲು: ಸ್ಯಾನ್ ಡಿಯಾಗೋದಲ್ಲಿ ಮಾವು, ಸೀತಾಫಲ, ಚೆರಿಮೋಯ, ಬಾಳೆ

ಸ್ಯಾನ್ ಡಿಯಾಗೋದ ಸಮುದ್ರದ ಬದಿಯಲ್ಲಿ ಮನೆ ಮಾಡಿದ ನಮ್ಮವರೆಲ್ಲ ಮೊದಲ ವರ್ಷ ಒಂದೇ ಕೆಲಸ ಮಾಡುತ್ತಾರೆ. ಇಲ್ಲಿ ಹಿಮ ಬೀಳುವುದಿಲ್ಲ, ಜನವರಿ ರಾತ್ರಿಯಲ್ಲೂ 9–10 ಡಿಗ್ರಿ ಸೆಲ್ಸಿಯಸ್ ಇರುತ್ತದೆ ಎಂದು ಕೇಳಿ ಖುಷಿಪಡುತ್ತಾರೆ. ಆಮೇಲೆ ನರ್ಸರಿಗೆ ಹೋಗಿ ಒಂದು ಮಾವು, ಒಂದು ಪಪ್ಪಾಯಿ, ಧೈರ್ಯ ಜಾಸ್ತಿ ಇದ್ದರೆ ಒಂದು ಹಲಸು ತರುತ್ತಾರೆ. ಗಿಡ ಬದುಕುತ್ತದೆ ನಿಜ. ಹಣ್ಣು ಬಿಡುವುದು ಬೇರೆ ವಿಷಯ.

ಇಲ್ಲಿ ಚಳಿಯಿಂದ ಆಗುವ ತೊಂದರೆ ಕಮ್ಮಿ. ಸೆಕೆ ಸಾಲದೇ ಆಗುವ ತೊಂದರೆ ಜಾಸ್ತಿ. ಕ್ಯಾಲಿಫೋರ್ನಿಯಾದ ದಂಡೆಯುದ್ದಕ್ಕೂ ಉತ್ತರದಿಂದ ತಣ್ಣನೆಯ ನೀರು ಹರಿದು ಬರುತ್ತದೆ. ಅದರಿಂದ ಮೋಡ ಕವಿದು ಮೇ, ಜೂನ್‌ನಲ್ಲಿ ಎಷ್ಟೋ ದಿನ ಮಧ್ಯಾಹ್ನದವರೆಗೆ ಸೂರ್ಯನ ಮುಖವೇ ಕಾಣುವುದಿಲ್ಲ. ಇಲ್ಲಿಯವರು ಅದಕ್ಕೆ ಮೇ ಗ್ರೇ, ಜೂನ್ ಗ್ಲೂಮ್ ಅಂತಾರೆ. ಆಗಸ್ಟ್‌ನ ಮಧ್ಯಾಹ್ನವೂ ಸುಮಾರು 25 ಡಿಗ್ರಿ, ಅಷ್ಟೇ. ಮಳೆ ವರ್ಷಕ್ಕೆ 250 ಮಿ.ಮೀ. ಆಸುಪಾಸು. ಮಂಗಳೂರಿಗೆ ಜುಲೈನಲ್ಲಿ ಒಂದು ವಾರಕ್ಕೆ ಬರುವಷ್ಟು. ಅದೂ ಹೆಚ್ಚಿನದು ಚಳಿಗಾಲದಲ್ಲೇ ಸುರಿಯುತ್ತದೆ. ಅಂದರೆ ಬೇರಿಗೆ ನೀರು ಬೇಡವಾದಾಗ ಮಣ್ಣು ತಣ್ಣಗೆ ಒದ್ದೆ, ಬೇಕಾದಾಗ ಒಣ. ನಮ್ಮ ಕರಾವಳಿಗೆ ಪೂರ್ತಿ ಉಲ್ಟಾ.

ನನ್ನ ಹಿತ್ತಲು ಎನ್ಸಿನಿಟಾಸ್‌ನಲ್ಲಿ, ಸಮುದ್ರದ ಗಾಳಿ ನೇರ ಬೀಸುವ ಕಡೆ. ಗೆಳೆಯನೊಬ್ಬನ ಮನೆ ಒಳನಾಡಿನ ಎಸ್ಕಾಂಡೀಡೊದಲ್ಲಿ. ಕಾರಿನಲ್ಲಿ ಅರ್ಧ ಗಂಟೆಯ ದಾರಿ, ಆದರೆ ಹವೆ ಬೇರೆಯೇ. ಅಲ್ಲಿ ಬೇಸಿಗೆಯಲ್ಲಿ 32 ಡಿಗ್ರಿ ಮಾಮೂಲು. ಚಳಿಗಾಲದಲ್ಲಿ ಕೆಲವು ರಾತ್ರಿ ತಗ್ಗಿನ ಜಾಗದಲ್ಲಿ ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟುತ್ತದೆ. ಒಂದೇ ಬಗೆಯ ಗಿಡಗಳನ್ನು ಇಬ್ಬರೂ ಹಾಕಿದ್ದೇವೆ. ಹಾಗಾಗಿ ಯಾವುದು ಎಲ್ಲಿ ಹೇಗೆ ಅಂತ ಕಣ್ಣೆದುರೇ ನೋಡಿ ಹೇಳುತ್ತಿದ್ದೇನೆ.

ಮಾವು: ಅಂಗಡಿಯ ಕಸಿ ಗಿಡವೋ, ಗೊರಟೆ ಗಿಡವೋ

ಇಲ್ಲಿ ಮಾರುವ ಕಸಿ ಮಾವುಗಳಲ್ಲಿ ಬಹಳಷ್ಟು ಫ್ಲಾರಿಡಾದಿಂದ ಬರುತ್ತವೆ. ಮೇಲೆ ಬಾದಾಮಿ ಇರಲಿ, ಮಲ್ಲಿಕಾ ಇರಲಿ, ಕೆಳಗಿನ ಬೇರು ಟರ್ಪಂಟೈನ್ ಎಂಬ ಜಾತಿಯದು. ಫ್ಲಾರಿಡಾದ ಸುಣ್ಣದ ಮಣ್ಣಿಗೆ, ಅಲ್ಲಿನ ಸೆಕೆಗೆ ಅದು ಒಳ್ಳೆಯ ಬೇರು. ಇಲ್ಲಿನ ತಣ್ಣನೆಯ ಮಣ್ಣಿನಲ್ಲಿ ಅದು ಬೆಳೆಯುವುದನ್ನೇ ಮರೆಯುತ್ತದೆ. ನನ್ನ ಬಾದಾಮಿ ಗಿಡ ಮೊಣಕಾಲೆತ್ತರದಲ್ಲೇ ಹೂ ಬಿಟ್ಟಿತು. ಹೂ ಕಿತ್ತೆ, ಮತ್ತೆ ಬಿಟ್ಟಿತು. ಇದ್ದ ಶಕ್ತಿಯೆಲ್ಲ ಹೂವಿಗೇ ಹೋಗಿ, ವರ್ಷಕ್ಕೆ ಒಂದು ಸಲ ಚಿಗುರಿದರೆ ಹೆಚ್ಚು.

ಇನ್ನೊಂದು ದಾರಿ ಪುಕ್ಕಟೆಯದು. ಮೆಕ್ಸಿಕನ್ ಅಂಗಡಿಯಲ್ಲಿ ಸಿಗುವ ಮನೀಲಾ ಅಥವಾ ಅಟಾಲ್ಫೊ ಹಣ್ಣು ತಿನ್ನಿ, ಗೊರಟೆಯ ಚಿಪ್ಪು ಬಿಡಿಸಿ ಒಳಗಿನ ಬೀಜ ನೆಡಿ. ಒಂದೇ ಬೀಜದಿಂದ ಮೂರ್ನಾಲ್ಕು ಮೊಳಕೆ ಬರುತ್ತವೆ. ಅವುಗಳಲ್ಲಿ ಹೆಚ್ಚಿನವು ತಾಯಿಯ ಪಡಿಯಚ್ಚು. ನಮ್ಮ ಪಶ್ಚಿಮ ಕರಾವಳಿಯ ಓಲೂರು, ಬಪ್ಪಕಾಯಿಯೂ ಇದೇ ಗುಂಪಿನವು. ಈ ಗಿಡಗಳಿಗೆ ತಮ್ಮದೇ ಬೇರು, ಹುಟ್ಟಿದ್ದೂ ಇದೇ ಮಣ್ಣಿನಲ್ಲಿ. ನನ್ನ ಬಾದಾಮಿಯ ಪಕ್ಕದಲ್ಲೇ ಹಾಕಿದ ಮನೀಲಾ ಸಸಿ ಎರಡನೇ ಬೇಸಿಗೆಗೆ ಅದನ್ನು ದಾಟಿ ಹೋಯಿತು. ಕಾಂಡ ಹೆಬ್ಬೆರಳಿನಷ್ಟು ದಪ್ಪವಾದ ಮೇಲೆ ಅದಕ್ಕೆ ಬೇಕಾದ ಜಾತಿಯ ಕಸಿ ಕಟ್ಟಬಹುದು. ಜೋರಾಗಿ ಬೆಳೆಯುವ ವೆಲೆನ್ಸಿಯಾ ಪ್ರೈಡ್ ಇಲ್ಲಿಯವರಿಗೆ ಅಚ್ಚುಮೆಚ್ಚು.

ಊರಿಂದ ಬರುವ ಬಾದಾಮಿ ಹಣ್ಣಿನ ಗೊರಟೆ ಹಾಕಿದರೆ ಆಗಲ್ವಾ ಅಂತ ಕೇಳುವವರಿದ್ದಾರೆ. 2007ರಲ್ಲಿ ಭಾರತದ ಮಾವಿಗೆ ಅಮೆರಿಕದ ಬಾಗಿಲು ತೆರೆದದ್ದೇ ವಿಕಿರಣ ಹಾಯಿಸಬೇಕೆಂಬ ಷರತ್ತಿನ ಮೇಲೆ. ಆ ಬೀಜದ ಮೇಲೆ ಆಸೆ ಇಡಬೇಡಿ. ಅದೃಷ್ಟಕ್ಕೆ ಮೊಳೆತರೂ ಬಾದಾಮಿ ಒಂಟಿ ಮೊಳಕೆಯ ಜಾತಿ, ತಾಯಿಯ ಹಾಗೇ ಬರುತ್ತದೆ ಎನ್ನುವಂತಿಲ್ಲ.

ಇನ್ನು ಹೂವಿನ ಗೋಳು. ಮಾವಿಗೆ ಚಳಿ ತಾಗಿದರೆ ಹೂ ಬರುತ್ತದೆ. ಇಲ್ಲಿ ಚಳಿ, ಮಳೆ, ಮಂಜು ಎಲ್ಲ ಒಟ್ಟಿಗೇ ಇರುವ ಜನವರಿ, ಫೆಬ್ರವರಿಯಲ್ಲೇ ಗೊಂಚಲು ಹೊರಡುತ್ತದೆ. ಬೂದಿ ರೋಗ ಹಿಡಿಯುತ್ತದೆ. ಉಳಿದ ಹೂವು ಚಳಿಗೆ ಸರಿಯಾಗಿ ಕಚ್ಚುವುದಿಲ್ಲ, ಒಳಗೆ ಬೀಜವೇ ಇಲ್ಲದ ಗೋಲಿಯಂಥ ಕಾಯಿ ನಿಲ್ಲುತ್ತದೆ. ಇದಕ್ಕೆ ಇಲ್ಲಿಯವರು ಕಂಡುಕೊಂಡ ಉಪಾಯ, ಮೊದಲ ಗೊಂಚಲನ್ನು ಬುಡದಲ್ಲೇ ಚಿವುಟಿಬಿಡುವುದು. ಏಪ್ರಿಲ್ ಹೊತ್ತಿಗೆ ಇನ್ನೊಮ್ಮೆ ಹೂ ಬರುತ್ತದೆ, ಅದು ಕಚ್ಚುತ್ತದೆ. ನಮ್ಮೂರಲ್ಲಿ ಯುಗಾದಿಗೆ ಮುಂಚೆ ಮಾವಿನ ಹೂ ಕೀಳುವವನನ್ನು ಕಂಡರೆ ತಲೆ ಸರಿ ಇಲ್ಲ ಅನ್ನುತ್ತಾರೆ. ಇಲ್ಲಿ ಅದೇ ಬುದ್ಧಿವಂತಿಕೆ.

ಇಷ್ಟೆಲ್ಲ ಮಾಡಿದ ಮೇಲೆ ನನಗೆ ಸಿಕ್ಕಿದ್ದು ಅಕ್ಟೋಬರ್ ದಾಟಿ ಹಣ್ಣಾಗುವ ಕೆಲವು ಮನೀಲಾ. ರುಚಿ ಪರವಾಗಿಲ್ಲ, ಸಿಹಿ ಕಮ್ಮಿ. ಎಸ್ಕಾಂಡೀಡೊದ್ದು ಅದೇ ಜಾತಿ, ಆದರೆ ಕಣ್ಣು ಮುಚ್ಚಿ ತಿಂದರೂ ವ್ಯತ್ಯಾಸ ಗೊತ್ತಾಗುತ್ತದೆ. ಮಾವಿನಲ್ಲಿ ಗೆಳೆಯ ಗೆದ್ದ, ಅನುಮಾನವೇ ಇಲ್ಲ.

ಸೀತಾಫಲ, ಅಟೆಮೋಯ, ಚೆರಿಮೋಯ

ಮೂರೂ ಒಂದೇ ಕುಲದವು. ಸೀತಾಫಲ ಬಯಲುಸೀಮೆಯ ಬಿಸಿಲಿನಲ್ಲಿ ಕಲ್ಲುಬಂಡೆ ನಡುವೆಯೂ ಬೆಳೆಯುವ ಗಿಡ. ಚೆರಿಮೋಯ ಆಂಡಿಸ್ ಬೆಟ್ಟದೂರುಗಳ ಹಣ್ಣು. ಹಗಲು ಹಿತವಾದ ಬಿಸಿಲು, ರಾತ್ರಿ ತಂಪು ಇದ್ದರೆ ಅದಕ್ಕೆ ಸಂತೋಷ. ಅಟೆಮೋಯ ಇವೆರಡರ ಮಗು. 1908ರಲ್ಲಿ ಫ್ಲಾರಿಡಾದಲ್ಲಿ ವೆಸ್ಟರ್ ಎಂಬ ತೋಟಗಾರಿಕೆ ತಜ್ಞರು ಬೇಕೆಂದೇ ಎರಡನ್ನೂ ಕೂಡಿಸಿ ಮಾಡಿದ್ದು. ಹೆಸರಘಟ್ಟದಲ್ಲಿ ತಯಾರಾದ ಅರ್ಕಾ ಸಹನ್‌ಗೂ ಈ ಅಟೆಮೋಯದ ರಕ್ತ ಇದೆ.

ಸೀತಾಫಲವನ್ನು ನಾನು ಹಾಕಿದ್ದು ಮಕ್ಕಳಿಗೆ ತೋರಿಸೋಣ ಅಂತ. ಚಳಿಗಾಲದಲ್ಲಿ ಎಲೆ ಉದುರಿಸಿದರೆ ಜೂನ್ ಬರುವವರೆಗೆ ಒಣಕಡ್ಡಿ. ಆಮೇಲೆ ಮೋಡ ಸರಿದು ಚಿಗುರಿ, ಹೂಬಿಟ್ಟು, ಕಾಯಿ ಕಟ್ಟುವಷ್ಟರಲ್ಲಿ ನವೆಂಬರ್. ಕಾಯಿ ಕಪ್ಪಾಗಿ ಕಲ್ಲಾಗುತ್ತದೆ. ದಕ್ಷಿಣಕ್ಕೆ ಮುಖ ಮಾಡಿದ ಗೋಡೆಗೆ ಒತ್ತಿ ಇಟ್ಟ ಕುಂಡದಲ್ಲಿ ಸ್ವಲ್ಪ ವಾಸಿ, ಅಷ್ಟೇ. ಅಟೆಮೋಯ, ಅದರಲ್ಲೂ ಗೆಫ್ನರ್ ಜಾತಿ, ಎಸ್ಕಾಂಡೀಡೊದಲ್ಲಿ ಚೆನ್ನಾಗಿದೆ. ನನ್ನಲ್ಲಿ ಹಣ್ಣಾಗುವ ಹೊತ್ತಿಗೆ ತಂಡಿ ಹಿಡಿದು ಮರದಲ್ಲೇ ಬಿರಿಯುತ್ತದೆ, ಇರುವೆ ತುಂಬಿಕೊಳ್ಳುತ್ತದೆ.

ಚೆರಿಮೋಯ ಹಾಗಲ್ಲ. ನೆಟ್ಟ ದಿನದಿಂದಲೂ ಇದು ತನ್ನ ಊರೇ ಎನ್ನುವ ಹಾಗೆ ಬೆಳೆದ ಒಂದೇ ಮರ ಅದು. ಸ್ಪೇನಿನ ಗ್ರನಾಡ ಕರಾವಳಿಯಲ್ಲಿ ಇದನ್ನೇ ದೊಡ್ಡ ಬೆಳೆಯಾಗಿ ಬೆಳೆಯುತ್ತಾರೆ, ಅಲ್ಲಿನ ಹವೆಯೂ ಹೆಚ್ಚುಕಮ್ಮಿ ನಮ್ಮದೇ. ಎಲೆ ಉದುರುವುದು ಚಳಿಗಾಲ ಮುಗಿದ ಮೇಲೆ, ಏಪ್ರಿಲ್, ಮೇ ಹೊತ್ತಿಗೆ. ಒಂದೆರಡು ವಾರ ಬೋಳಾಗಿ ನಿಂತು, ಹೊಸ ಎಲೆಯ ಜೊತೆಗೇ ಹೂ ಬಿಡುತ್ತದೆ. ಮೊದಲ ಸಲ ನೋಡಿದವರು ಸತ್ತೇ ಹೋಯಿತೆಂದು ಹೆದರುತ್ತಾರೆ.

ಕೆಲಸ ಇರುವುದು ಹೂವಿನಲ್ಲಿ. ಮೂರು ದಪ್ಪ ಎಸಳಿನ, ಹಸಿರು ಮಿಶ್ರಿತ ಕಂದು ಹೂವು. ಮೊದಲು ಎಸಳು ಸ್ವಲ್ಪವೇ ಬಿಡಿಸಿಕೊಂಡಾಗ ಅದು ಹೆಣ್ಣು. ಮರುದಿನ ಮಧ್ಯಾಹ್ನ ಕಳೆದ ಮೇಲೆ ಪೂರ್ತಿ ಅರಳಿದಾಗ ಗಂಡು. ಹಾಗಾಗಿ ತನ್ನ ಪರಾಗ ತನಗೇ ಸಿಗುವುದಿಲ್ಲ. ಮೂಲ ಊರಲ್ಲಿ ಈ ಕೆಲಸ ಮಾಡುವ ಸಣ್ಣ ಜೀರುಂಡೆಗಳು ಕ್ಯಾಲಿಫೋರ್ನಿಯಾದಲ್ಲಿಲ್ಲ. ಆ ಕೆಲಸ ನಮಗೆ ಬರುತ್ತದೆ. ಸಂಜೆ ನಾಲ್ಕೈದು ಗಂಟೆಗೆ ಪೂರ್ತಿ ಅರಳಿದ ಹೂಗಳನ್ನು ಸಣ್ಣ ಡಬ್ಬಿಯ ಮೇಲೆ ಹಿಡಿದು ಬ್ರಷ್‌ನಿಂದ ಕೆರೆದರೆ ಪರಾಗ ಉದುರುತ್ತದೆ. ಅದೇ ಬ್ರಷ್ಷನ್ನು ಅರೆಬಿರಿದ ಹೂವಿನ ಸಂದಿಯಲ್ಲಿ ತೂರಿಸಿ ಸುತ್ತಲೂ ತಿರುಗಿಸಬೇಕು. ಒಂದೇ ಕಡೆ ತಾಗಿದರೆ ಹಣ್ಣು ಸೊಟ್ಟಗಾಗುತ್ತದೆ. ಉಳಿದ ಪರಾಗವನ್ನು ಫ್ರಿಜ್‌ನಲ್ಲಿಟ್ಟು ಬೆಳಿಗ್ಗೆ ಬಳಸಬಹುದು. ಎಲ್ಲ ಹೂವಿಗೂ ಹಚ್ಚಲು ಹೋಗಬೇಡಿ. ಅರ್ಧ ಕೆಜಿ ತೂಗುವ ಹಣ್ಣು ಸಾಲಾಗಿ ನಿಂತರೆ ಕೊಂಬೆ ಮುರಿಯುತ್ತದೆ.

ಇಲ್ಲಿ ಎಸ್ಕಾಂಡೀಡೊ ಸೋಲುತ್ತದೆ. ಅಲ್ಲಿನ ಒಣ ಬಿಸಿಲಿಗೆ ಹೆಣ್ಣು ಹೂವಿನ ಒಳಭಾಗ ಬೇಗ ಒಣಗಿ, ಹಚ್ಚಿದ ಪರಾಗ ಅಂಟುವುದಿಲ್ಲ. ನನ್ನ ಹಿತ್ತಲಲ್ಲಿ ಜೂನ್‌ನ ತೇವದ ಮೋಡವೇ ಉಪಕಾರಿ. ಎಲ್ಲರೂ ಬೈಯುವ ಜೂನ್ ಗ್ಲೂಮ್‌ನಿಂದ ಹೀಗೊಂದು ಲಾಭ.

ಜಾತಿಗಳಲ್ಲಿ ಬೂತ್ ನಂಬಿಕೆಯದು, ಚೆನ್ನಾಗಿ ಕಾಯಿ ಬಿಡುತ್ತದೆ. ಪಿಯರ್ಸ್ ಬರೀ ಸಿಹಿ. ನನ್ನ ಓಟು ಸ್ಪೇನಿನ ಫೀನೊ ದೆ ಹೆತೆಗೆ. ಸಿಹಿಯ ಹಿಂದೆ ಸಣ್ಣ ಹುಳಿ ಇದೆ, ಸಿಪ್ಪೆ ನುಣುಪು. ಚಳಿಗಾಲದಿಂದ ವಸಂತದವರೆಗೆ, ಹಸಿರು ಬಣ್ಣ ತಿಳಿಯಾದಾಗ ಕತ್ತರಿಯಿಂದ ಕೊಯ್ದು ಹೊರಗೇ ಇಡಬೇಕು. ಮೆತ್ತಗಾಗುವ ಮೊದಲು ಫ್ರಿಜ್‌ಗೆ ಹಾಕಿದರೆ ಹಣ್ಣಾಗುವುದೇ ಇಲ್ಲ. ಸೀತಾಫಲದ ಆ ಮರಳು ಮರಳು ಸಿಹಿ ಇದರಲ್ಲಿಲ್ಲ, ಅದನ್ನು ಬಯಸುವವರಿಗೆ ಸಪ್ಪೆ ಎನಿಸಬಹುದು. ಬೀಜ ಕಮ್ಮಿ, ತಿರುಳು ಬೆಣ್ಣೆ. ಮಿಕ್ಸಿಗೆ ಹಾಕುವ ಮುಂಚೆ ಬೀಜ ಒಂದೂ ಬಿಡದೆ ತೆಗೆಯಿರಿ, ಅದು ವಿಷ.

ಒಂದು ಕಿರಿಕಿರಿ ಹೇಳಬೇಕು. ನಲ್ಲಿಯಲ್ಲಿ ಬರುವುದರಲ್ಲಿ ಬಹುಪಾಲು ಕೊಲರಾಡೊ ನದಿಯ ನೀರು, ಉಪ್ಪಿನಂಶ ಹೆಚ್ಚು. ಬೇಸಿಗೆಯ ಕೊನೆಗೆ ಚೆರಿಮೋಯ, ಬೆಣ್ಣೆಹಣ್ಣು ಎರಡರ ಎಲೆಯಂಚೂ ಸುಟ್ಟಂತೆ ಕಾಣುತ್ತದೆ. ಆಗಾಗ ಚಿಮುಕಿಸುವುದಕ್ಕಿಂತ ಅಪರೂಪಕ್ಕೆ ಆಳವಾಗಿ ನೀರು ಬಿಟ್ಟರೆ ಉಪ್ಪು ಕೆಳಗಿಳಿಯುತ್ತದೆ. ಪೂರ್ತಿ ವಾಸಿಯಾಗುವುದು ಒಳ್ಳೆಯ ಮಳೆ ಬಂದಾಗಲೇ.

ಬಾಳೆ

ಬಾಳೆಯಲ್ಲಿ ನನಗೂ ಗೆಳೆಯನಿಗೂ ಸಮ. ಊರಲ್ಲಿ ಏಲಕ್ಕಿ ಬಾಳೆ ವರ್ಷದ ಆಸುಪಾಸಿನಲ್ಲಿ ಗೊನೆ ಕೊಟ್ಟರೆ ಇಲ್ಲಿ ಒಂದೂವರೆ, ಎರಡು ವರ್ಷ. ಹವೆ 14–15 ಡಿಗ್ರಿಗಿಂತ ಕೆಳಗಿಳಿದರೆ ಅದು ಸುಮ್ನೆ ನಿಂತುಬಿಡುತ್ತದೆ. ಗಿಡ್ಡ ಕ್ಯಾವೆಂಡಿಷ್ ಜಾತಿಗಳಲ್ಲಿ ಚಳಿಗಾಲದಲ್ಲಿ ಹೊರಟ ಗೊನೆ ಕುತ್ತಿಗೆಯಲ್ಲೇ ಸಿಕ್ಕಿಹಾಕಿಕೊಂಡು ಕೊಳೆಯುತ್ತದೆ. ಬಾಲ್ಬಿಸಿಯಾನಾ ಎಂಬ ಕಾಡುಬಾಳೆಯ ರಕ್ತ ಜಾಸ್ತಿ ಇರುವ ನಾಮ್ವಾ, ಒರಿನೊಕೊ ಜಾತಿಗಳು ಈ ತಂಡಿಯನ್ನು ತಡೆಯುತ್ತವೆ. ಒರಿನೊಕೊ ಗಟ್ಟಿ ಆಳು, ಬಜ್ಜಿಗೂ ಪಲ್ಯಕ್ಕೂ ಸರಿ. ಹಣ್ಣಾಗಿ ತಿನ್ನಲು ನಾಮ್ವಾ ಮೇಲು. ಐಸ್‌ಕ್ರೀಮ್ ಬಾಳೆ ಎಂದು ದುಬಾರಿಗೆ ಮಾರುವ ಗಿಡ ಎಷ್ಟೋ ಸಲ ಇದೇ ನಾಮ್ವಾ ಆಗಿರುತ್ತದೆ, ಹೆಚ್ಚಿಗೆ ದುಡ್ಡು ಕೊಡಬೇಡಿ. ಮೈಸೂರು ಎಂಬ ಹೆಸರಲ್ಲೇ ಒಂದು ಜಾತಿ ಸಿಗುತ್ತದೆ. ರಸಬಾಳೆ ಎಂದುಕೊಂಡು ಕೊಳ್ಳಬೇಡಿ, ಅದು ತಮಿಳುನಾಡಿನ ಪೂವನ್. ಹುಳಿಸಿಹಿ ಸಣ್ಣ ಹಣ್ಣು, ನನಗೆ ಇಷ್ಟ, ಆದರೆ ಗಿಡ ಮನೆಯ ಸೂರಿಗಿಂತ ಎತ್ತರ.

ಗಾಳಿಗೆ ಮರೆ, ಹಿಂದೆ ಬಿಸಿಲು ಹೀರುವ ಗೋಡೆ ಇದ್ದರೆ ಬಾಳೆಗೆ ಅರ್ಧ ಕೆಲಸ ಆದ ಹಾಗೆ. ವೆಂಚುರಾ ಹತ್ತಿರ ಲಾ ಕೊಂಚಿತಾ ಎಂಬಲ್ಲಿ 1980ರ ದಶಕದಲ್ಲಿ ಸಮುದ್ರದ ಎದುರಿಗೇ ಬಾಳೆ ತೋಟ ಮಾಡಿ ಹತ್ತಾರು ಜಾತಿ ಬೆಳೆದಿದ್ದರು. ಬೆನ್ನಿಗೆ ಗುಡ್ಡ ಇದ್ದದ್ದೇ ಅವರ ಗುಟ್ಟು. ನಾನಂತೂ ಹಣ್ಣು ಬರದಿದ್ದರೂ ಬಾಳೆ ಇಟ್ಟುಕೊಳ್ಳುತ್ತಿದ್ದೆ. ಹಬ್ಬದ ದಿನ ಎಲೆ ಬೇಕಲ್ಲ. ಅಕ್ಟೋಬರ್‌ನಲ್ಲಿ ಮರುಭೂಮಿ ಕಡೆಯಿಂದ ಬೀಸುವ ಸ್ಯಾಂಟಾ ಆನಾ ಗಾಳಿ ಎಲೆಯನ್ನೆಲ್ಲ ಸೀಳುವ ಮುಂಚೆ ನವರಾತ್ರಿ ಬಂದರೆ ಅದೃಷ್ಟ.

ಉಳಿದವು

ಪಪ್ಪಾಯಿ ಒದ್ದೆ ಚಳಿಗಾಲದಲ್ಲಿ ಬೇರು ಕೊಳೆತು ಬೀಳುತ್ತದೆ. ಉಳಿದದ್ದರ ಹಣ್ಣಿಗೆ ರುಚಿ ಇಲ್ಲ. ಅದರ ಬದಲು ಈಕ್ವೆಡಾರ್ ಬೆಟ್ಟದ ಬಬಾಕೊ ಹಾಕಿ. ಕಡ್ಡಿ ನೆಟ್ಟರೆ ಬರುತ್ತದೆ, ಬೀಜವಿಲ್ಲ, ಗಂಡು ಗಿಡವೂ ಬೇಡ. ಹಾಗೇ ತಿಂದರೆ ನೀರು ನೀರು ಹುಳಿ, ಆದರೆ ಬೆಲ್ಲ, ಸಾಸಿವೆ ಹಾಕಿ ಗೊಜ್ಜು ಮಾಡಿದರೆ ಪಾತ್ರೆ ಖಾಲಿ. ಹಲಸಿನ ಬಗ್ಗೆ ಮಾತೇ ಬೇಡ, ಮೊದಲ ಜನವರಿಗೇ ಹೋಯಿತು. ಡ್ರ್ಯಾಗನ್ ಹಣ್ಣು ಎರಡೂ ಕಡೆ ಸಲೀಸು. ರಾತ್ರಿ ಅರಳುವ ಹೂವು, ಎಷ್ಟೋ ಜಾತಿಗಳಿಗೆ ಬೇರೆ ಜಾತಿಯ ಪರಾಗ ಬೇಕು. ಹಾಗಾಗಿ ಎರಡು ಬಗೆ ಇರಲಿ, ಟಾರ್ಚ್ ಹತ್ತಿರ ಇರಲಿ. ಸೀಬೆ ಎಲ್ಲೂ ಮೋಸ ಮಾಡುವುದಿಲ್ಲ.

ಕೊನೆಗೆ ಕರಿಬೇವು. ಬಿಸಿಲಿನಲ್ಲಿ ಕಪ್ಪು ಕುಂಡ, ಚಳಿಗಾಲದಲ್ಲಿ ನೀರು ಕಮ್ಮಿ, ಇಷ್ಟಾದರೆ ಬದುಕುತ್ತದೆ. ಫೆಬ್ರವರಿಯಲ್ಲಿ ಹಳದಿಯಾದರೆ ಗೊಬ್ಬರ ಸುರಿಯಬೇಡಿ, ಬಿಸಿಲು ಏರಿದ ಮೇಲೆ ತಾನೇ ಚಿಗುರುತ್ತದೆ. ಆದರೆ ಊರ ಗೆಳೆಯರಿಗೆಲ್ಲ ಮರಿ ಹಂಚುವ ನಮ್ಮ ಅಭ್ಯಾಸಕ್ಕೆ ಇಲ್ಲಿ ತಡೆ ಇದೆ. ನಿಂಬೆ, ಕಿತ್ತಳೆ ಜಾತಿಗೆ ಮಾರಕ ರೋಗ ಹರಡುವ ಏಷ್ಯನ್ ಸಿಟ್ರಸ್ ಸಿಲಿಡ್ ಎಂಬ ಕೀಟ 2008ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಮೊದಲು ಕಂಡದ್ದು ಇದೇ ಸ್ಯಾನ್ ಡಿಯಾಗೋದಲ್ಲಿ. ಕರಿಬೇವಿನ ಚಿಗುರಿನ ಮೇಲೂ ಅದು ಮೊಟ್ಟೆಯಿಡುತ್ತದೆ. ಅದಕ್ಕೇ ಕ್ವಾರಂಟೈನ್ ಜಾಗದಿಂದ ಗಿಡವನ್ನು ಕಾರಿನಲ್ಲಿಟ್ಟು ಸ್ಯಾನ್ ಫ್ರಾನ್ಸಿಸ್ಕೋ ಬೇ ಏರಿಯಾದ ನೆಂಟರಿಗೆ ಒಯ್ಯುವಂತಿಲ್ಲ, ಪೋಸ್ಟ್‌ನಲ್ಲಿ ಕಳಿಸುವಂತೆಯೂ ಇಲ್ಲ. ಅವರ ಊರಿನ ಪರವಾನಗಿ ಇರುವ ನರ್ಸರಿಯಲ್ಲೇ ಕೊಳ್ಳಲು ಹೇಳಿ.