ಬೀದರಿನ ಶೂಟಿಂಗ್ ಮತ್ತು ವನ್ಯಜೀವಿ ಕ್ಲಬ್: ಮಗಳನ್ನು ಸೇರಿಸಿ 11 ತಿಂಗಳಾಯ್ತು

ಗಿರಣಿಗೆ ಬಂದವರೆಲ್ಲ ಒಂದೇ ಮಾತು ಕೇಳುತ್ತಾರೆ. "ಹೆಣ್ಣುಮಗಳ ಕೈಗೆ ಬಂದೂಕು ಯಾಕೆ ಕೊಟ್ಟಿರಿ?" ಒಬ್ಬೊಬ್ಬರಿಗೂ ಹೇಳುವುದಕ್ಕಿಂತ ಇಲ್ಲಿ ಪೂರ್ತಿ ಬರೆದುಬಿಡುತ್ತೇನೆ. ಮಕ್ಕಳನ್ನು ಸೇರಿಸಬೇಕೋ ಬೇಡವೋ ಅಂತ ಯೋಚನೆ ಮಾಡುತ್ತಿರುವ ಅಪ್ಪ ಅಮ್ಮಂದಿರಿಗೂ ಉಪಯೋಗ ಆಗಬಹುದು.

ನಾನು ಬೀದರಿನಲ್ಲಿ ಹಿಟ್ಟಿನ ಗಿರಣಿ ನಡೆಸುತ್ತೇನೆ. ಮಗಳು ಎಂಟನೇ ಕ್ಲಾಸು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನ ಶೂಟಿಂಗ್‌ನಲ್ಲಿ ಮನು ಭಾಕರ್ ಎರಡು ಕಂಚು ಗೆದ್ದಾಗ ಇವಳು ಮೊಬೈಲ್ ಬಿಟ್ಟು ಏಳಲೇ ಇಲ್ಲ. ಅದೇ ಒಲಿಂಪಿಕ್ಸ್‌ನಲ್ಲಿ ಕೊಲ್ಹಾಪುರದ ಕಡೆಯ ಸ್ವಪ್ನಿಲ್ ಕುಸಾಳೆಗೂ ರೈಫಲ್‌ನಲ್ಲಿ ಕಂಚು ಬಂತು. "ಕೊಲ್ಹಾಪುರದವರಿಗೆ ಆಗುತ್ತೆ, ಬೀದರಿನವರಿಗೆ ಯಾಕೆ ಆಗಲ್ಲ?" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಆದರೂ ಆರು ತಿಂಗಳು ತಳ್ಳಿಹಾಕಿದೆ. ಕಾರಣ ನನ್ನ ತವರಿನಲ್ಲಿದೆ. ಅಪ್ಪನ ಐದು ಎಕರೆ ಹೊಲ ಹುಲ್ಲುಗಾವಲಿಗೆ ಅಂಟಿಕೊಂಡೇ ಇದೆ. ಉದ್ದು, ಹೆಸರು, ಸೋಯಾ ಮೊಳಕೆ ಬಂದರೆ ಸಾಕು, ಚಿಗರಿ ಹಿಂಡು ಇಳಿಯುತ್ತದೆ. ಪುಸ್ತಕದಲ್ಲಿ ಕೃಷ್ಣಮೃಗ ಅಂತಾರೆ, ನಮಗೆ ಅದು ಚಿಗರಿ. ಬೆಳೆ ಕಾಯಲು ಅಪ್ಪನ ಹತ್ತಿರ ಲೈಸೆನ್ಸ್ ಇದ್ದ ನಾಡಬಂದೂಕು ಇತ್ತು. ಚುನಾವಣೆ ಬಂತಂದರೆ ಅದನ್ನು ಠಾಣೆಗೆ ಜಮಾ ಮಾಡಿ ಬರುತ್ತಿದ್ದರು. ಅಪ್ಪ ಯಾವಾಗಲೂ ಆಕಾಶಕ್ಕೆ ಹಾರಿಸುತ್ತಿದ್ದರು. ಎಲ್ಲರೂ ಹಾಗಿರಲಿಲ್ಲ. ನಾನು ಚಿಕ್ಕವಳಿದ್ದಾಗ ಒಂದು ಬೆಳಿಗ್ಗೆ ಬದುವಿನ ಮೇಲೆ ಹೆಣ್ಣು ಚಿಗರಿಯೊಂದು ಸತ್ತು ಬಿದ್ದಿತ್ತು. ಕೆಚ್ಚಲಲ್ಲಿ ಹಾಲಿತ್ತು. ಮರಿ ಎಲ್ಲಿ ಅಂತ ಸಂಜೆವರೆಗೆ ಹುಡುಕಿದೆ, ಸಿಗಲಿಲ್ಲ. ಬಂದೂಕು ಅಂದರೆ ಇವತ್ತಿಗೂ ನನಗೆ ಆ ಬದುವೇ ಕಣ್ಣಿಗೆ ಬರುತ್ತದೆ.

ಹಾಗಾಗಿ ಈ ಕ್ಲಬ್ಬಿನ ಬೋರ್ಡಿನ ಮೇಲೆ ಶೂಟಿಂಗ್ ಮತ್ತು ವನ್ಯಜೀವಿ ಸಂರಕ್ಷಣೆ ಎರಡೂ ಪಕ್ಕಪಕ್ಕ ಬರೆದದ್ದು ನೋಡಿ ಸಿಟ್ಟೇ ಬಂತು. ಒಳಗೆ ಹೋಗಿ ಕೋಚ್‌ಗೆ ನೇರವಾಗಿ ಕೇಳಿದೆ. ಅವರು ಒಂದು ರಿಜಿಸ್ಟರ್ ತೆಗೆದು ತೋರಿಸಿದರು. ಅದರಲ್ಲಿ ಒಬ್ಬ ಹುಡುಗನ ಹೆಸರಿನ ಮೇಲೆ ಕೆಂಪು ಗೆರೆ. ಮನೆಯಲ್ಲಿದ್ದ ಏರ್ ಗನ್‌ನಿಂದ ಬೆಳವ ಹಕ್ಕಿ ಹೊಡೆದು ಸ್ಟೇಟಸ್ ಹಾಕಿದ್ದನಂತೆ. ಆಡುವುದರಲ್ಲಿ ಕ್ಲಬ್ಬಿನಲ್ಲೇ ಎಲ್ಲರಿಗಿಂತ ಮುಂದಿದ್ದವನು. ಅದೇ ವಾರ ಅವನನ್ನು ತೆಗೆದುಹಾಕಿದ್ದಾರೆ. 20 ಜೂಲ್‌ವರೆಗಿನ ಶಕ್ತಿಯ, 0.177 ಇಂಚು ನಳಿಕೆಯ ಏರ್ ಗನ್‌ಗೆ ಲೈಸೆನ್ಸ್ ಬೇಕಿಲ್ಲ, ಮನೆಗೆ ತರುವುದು ಸುಲಭ. ಅದಕ್ಕೇ ಇಲ್ಲಿ ಪ್ರಾಣಿಯ ಪಾಠ ಇಲ್ಲದೆ ಬಂದೂಕಿನ ಪಾಠ ಇಲ್ಲ ಅಂದರು. ನಾನು ಅವತ್ತೇ ದುಡ್ಡು ಕಟ್ಟಿದೆ. ಸೇರಲು 1500, ತಿಂಗಳಿಗೆ 1200. ಪೆಲೆಟ್, ಅಂದರೆ ಏರ್ ಗನ್ನಿನ ಪುಟ್ಟ ಗುಂಡಿಗೆ ಬೇರೆ ಖರ್ಚು.

ಮೊದಲ ಎರಡು ವಾರ ಮಗಳು ಒಂದು ಪೆಲೆಟ್ ಕೂಡ ಹಾರಿಸಲಿಲ್ಲ. ನಳಿಕೆ ಯಾವಾಗಲೂ ಗುರಿಯ ಕಡೆಗೇ ಇರಬೇಕು. ಗುರಿ ಹಿಡಿಯುವ ತನಕ ಟ್ರಿಗರ್‌ಗೆ ಬೆರಳು ತಾಗಿಸುವ ಹಾಗಿಲ್ಲ. ಕೆಳಗಿಟ್ಟಾಗ ನಳಿಕೆಯ ಈ ತುದಿಯಿಂದ ಆ ತುದಿವರೆಗೆ ಕಿತ್ತಳೆ ಬಣ್ಣದ ದಾರ ಹಾಯಿಸಬೇಕು. ಖಾಲಿ ಇದೆ ಅನ್ನೋದು ದೂರದಿಂದಲೇ ಕಾಣಬೇಕಲ್ವಾ, ಅದಕ್ಕೆ. ಲೋಡ್, ಸ್ಟಾರ್ಟ್, ಸ್ಟಾಪ್, ಅನ್‌ಲೋಡ್ ಅಂತ ಕೂಗಿದರೆ ಆ ಕ್ಷಣ ಪಾಲಿಸಬೇಕು. ಸ್ಟಾಪ್ ಅಂದಮೇಲೆ ಒಂದು ಏಟು ಹಾರಿಸಿದ್ದಕ್ಕೆ ಕಾಲೇಜು ಹುಡುಗನೊಬ್ಬನನ್ನು ಇಡೀ ದಿನ ಬೆಂಚ್ ಮೇಲೆ ಕೂರಿಸಿದ್ದು ನಾನೇ ನೋಡಿದ್ದೇನೆ.

ಇನ್ನೊಂದು ನನಗೆ ಬಹಳ ಹಿಡಿಸಿದ್ದು ಸೋಪು. ಪೆಲೆಟ್ ಸೀಸದ್ದು, ಕೈಗೆ ಬೂದು ಮಸಿ ಹತ್ತುತ್ತದೆ. ಭಾನುವಾರ ಸುಸಲಾ, ಮಿರ್ಚಿ ತರುತ್ತಾರೆ, ಸೀಸ ಹೊಟ್ಟೆಗೆ ಹೋಗಬಾರದಲ್ಲ. ನಲ್ಲಿಯ ಹತ್ತಿರ ಕೋಚ್ ನಿಂತು ಒಬ್ಬೊಬ್ಬರ ಬೆರಳು ತಿರುಗಿಸಿ ನೋಡಿ ಒಳಗೆ ಬಿಡುತ್ತಾರೆ. ದೊಡ್ಡವರಿಗೂ ರಿಯಾಯಿತಿ ಇಲ್ಲ.

ಇಲ್ಲಿ ಇರುವುದು 10 ಮೀಟರ್ ರೇಂಜ್ ಮಾತ್ರ. ಏರ್ ರೈಫಲ್, ಏರ್ ಪಿಸ್ತೂಲ್ ಎರಡೂ ಇವೆ. ರೈಫಲ್‌ನ ಗುರಿ ಕಾರ್ಡು 80 ಮಿಲಿಮೀಟರ್ ಚೌಕ, ಅಂದರೆ ಅಂಗೈಯಷ್ಟು. ನಡುವಿನ ಹತ್ತರ ಚುಕ್ಕೆ ಅರ್ಧ ಮಿಲಿಮೀಟರ್. ನಾನು ದಿನವೂ ಕಾಳು ಕಡ್ಡಿ ನೋಡುವವಳು, ಗಸಗಸೆಗಿಂತಲೂ ಸಣ್ಣದು ಅದು. ಹತ್ತು ಮೀಟರ್ ದೂರದಿಂದ, ನಿಂತುಕೊಂಡು, ಅದಕ್ಕೆ ಹೊಡೆಯಬೇಕು. ಪೆಲೆಟ್ 4.5 ಮಿಲಿಮೀಟರ್, ಹಾಗಾಗಿ ಸರಿಯಾಗಿ ಬಿದ್ದರೆ ಚುಕ್ಕೆಯೇ ಮಾಯ. ಒಲಿಂಪಿಕ್ಸ್‌ನಲ್ಲಿ ಇಂಥ 60 ಏಟು, ಒಂದು ಗಂಟೆ ಕಾಲು ಸಮಯ. ಒಂದೊಂದಕ್ಕೆ ಹೆಚ್ಚೆಂದರೆ 10.9 ಅಂಕ. ಅಭಿನವ್ ಬಿಂದ್ರಾ 2008ರಲ್ಲಿ ಚಿನ್ನ ಗೆದ್ದದ್ದು ಇದೇ ಆಟದಲ್ಲಿ.

ಒಂದು ದಿನ ಕೋಚ್ ನನ್ನನ್ನೂ ನಿಲ್ಲಿಸಿದರು. ರೈಫಲ್ ಭಾರ ಅನಿಸಲಿಲ್ಲ, ಹಿಟ್ಟಿನ ಡಬ್ಬಿ ಎತ್ತಿ ರೂಢಿ. ಆದರೆ ಗುರಿ ನೋಡುವ ಸೈಟ್‌ನಲ್ಲಿ ಕಣ್ಣಿಟ್ಟರೆ ಕಪ್ಪು ವೃತ್ತ ನನ್ನ ಎದೆಬಡಿತಕ್ಕೆ ಸರಿಯಾಗಿ ಕುಣಿಯುತ್ತಿತ್ತು. "ಒತ್ತಬೇಡಿ, ಹಿಟ್ಟಿನ ಹದ ನೋಡೋ ಹಾಗೆ ಬೆರಳು ತನ್ನಿ" ಅಂದರು. ಅದು ನನಗೆ ಗೊತ್ತಿರುವ ಕೆಲಸ. ಹತ್ತು ಏಟಿನಲ್ಲಿ ಎರಡು ಎಂಟು ಬಿತ್ತು. ಆ ಕಾರ್ಡು ಗಿರಣಿಯ ಗೋಡೆಗೆ ಹಚ್ಚಿದ್ದೇನೆ.

ಇನ್ನು ಕೊರತೆಗಳು. ಇವನ್ನೂ ಹೇಳಲೇಬೇಕು. ಮಗಳು ಎಡಗೈಯವಳು. ಎಡಗೈಯವರ ರೈಫಲ್‌ಗೆ ಹಿಡಿ, ಕೆನ್ನೆ ಒರಗಿಸುವ ಜಾಗ ಎಲ್ಲ ಬೇರೆಯೇ ಇರಬೇಕು. ಸೇರಿಸುವಾಗ "ಇದೆ" ಅಂದವರು, ಆಮೇಲೆ "ರಿಪೇರಿಗೆ ಹೋಗಿದೆ" ಅಂದರು. ನಾಲ್ಕು ತಿಂಗಳು ಅವಳು ಬಲಗೈಯವರ ರೈಫಲ್‌ನಲ್ಲಿ ಒದ್ದಾಡಿದಳು, ಕುತ್ತಿಗೆ ನೋವು ತಂದುಕೊಂಡಳು. ಫೀಸು ಮಾತ್ರ ತಿಂಗಳಾ ತಿಂಗಳಾ ತೆಗೆದುಕೊಂಡರು. ಇದು ನನಗೆ ಇನ್ನೂ ಬೇಜಾರು. ಎಡಗೈ ಮಕ್ಕಳಿದ್ದರೆ ಮೊದಲು ರೈಫಲ್ ಕಣ್ಣಾರೆ ನೋಡಿ, ಆಮೇಲೆ ದುಡ್ಡು ಕೊಡಿ.

ಮೇಲೆ ತಗಡಿನ ಶೀಟು. ಏಪ್ರಿಲ್, ಮೇ ತಿಂಗಳಲ್ಲಿ ಹತ್ತು ಗಂಟೆಯ ನಂತರ ಒಳಗೆ ನಿಲ್ಲಲು ಆಗಲ್ಲ. ಶೂಟಿಂಗ್ ಜಾಕೆಟ್ ದಪ್ಪ ಕ್ಯಾನ್ವಾಸಿನದು, ಮಕ್ಕಳು ಬೆವರಿ ತೊಪ್ಪೆಯಾಗುತ್ತಾರೆ. ಹೆಣ್ಣುಮಕ್ಕಳಿಗೆ ಬೇರೆ ಟಾಯ್ಲೆಟ್ ಇಲ್ಲ, ಇದು ದೊಡ್ಡ ತಪ್ಪು. ಒಪ್ಪಿಗೆ ಪತ್ರ ಇಂಗ್ಲಿಷಿನಲ್ಲಿ ಮಾತ್ರ ಇತ್ತು. ಓದದೆ ಸಹಿ ಹಾಕಲ್ಲ ಅಂದೆ. ಈಗ ಕನ್ನಡದ್ದು ಬಂದಿದೆ. ಉರ್ದು, ಮರಾಠಿಯಲ್ಲೂ ಬರಲಿ, ನಮ್ಮ ಊರಲ್ಲಿ ಅವೂ ಬೇಕು.

ಈಗ ನನಗೆ ಇಷ್ಟವಾದ ಭಾಗ. ತಿಂಗಳಿಗೊಂದು ಭಾನುವಾರ ಬಂದೂಕು ಬೀಗದಲ್ಲಿ. ಬೈನಾಕ್ಯುಲರ್, ನೀರು, ನೋಟ್‌ಬುಕ್ ಹಿಡಿದು ಹೊನ್ನಿಕೇರಿ ಕಾಡಿನ ಕಡೆ ರಸ್ತೆಯಿಂದಲೇ ಚಿಗರಿ ನೋಡಲು ಹೋಗುತ್ತಾರೆ. ವರ್ಷಕ್ಕೊಮ್ಮೆ ಚಿಂಚೋಳಿ ವನ್ಯಜೀವಿ ಧಾಮಕ್ಕೂ ಕರೆದೊಯ್ಯುತ್ತಾರೆ. ಅದೂ ಚೆನ್ನಾಗಿತ್ತು, ಆದರೆ ನನ್ನ ಮನಸ್ಸು ಈ ಕೆಂಪು ನೆಲದ ಹುಲ್ಲಿನಲ್ಲೇ ಇದೆ.

ಅಲ್ಲಿ ಒಂದು ಸಲ ಕೋಚ್ ಜಾಲಿ ಗಿಡದ ಒಂದು ಕಡ್ಡಿ ತೋರಿಸಿದರು. ತುದಿಯಲ್ಲಿ ಕಪ್ಪಗೆ, ಒಣಗಿದ ಬೆಲ್ಲದ ಪಾಕದ ಹಾಗೆ ಏನೋ ಅಂಟಿತ್ತು. ಗಂಡು ಚಿಗರಿ ಕಣ್ಣಿನ ಹತ್ತಿರದ ಗ್ರಂಥಿಯನ್ನು ಕಡ್ಡಿಗೆ ಉಜ್ಜಿ ಇದು ನನ್ನ ಜಾಗ ಅಂತ ಗುರುತು ಹಾಕುತ್ತದಂತೆ. ಅಲ್ಲೇ ಕೆಳಗೆ ಹಿಕ್ಕೆಯ ಗುಡ್ಡೆ. ಒಂದೇ ಕಡೆ ಮತ್ತೆ ಮತ್ತೆ ಬಂದು ಹಾಕುವುದೂ ಗಡಿ ಗುರುತೇ. ಚಿಗರಿ ಕಾಟದ ನಡುವೆಯೇ ಬೆಳೆದ ನನಗೆ ಇದು ಗೊತ್ತೇ ಇರಲಿಲ್ಲ. ತಾಯಿ ಮೊದಲ ಕೆಲವು ದಿನ ಮರಿಯನ್ನು ಹುಲ್ಲಲ್ಲಿ ಮುಚ್ಚಿಟ್ಟು ಮೇಯಲು ಹೋಗುತ್ತದೆ, ಅನಾಥ ಅಂದುಕೊಂಡು ಎತ್ತಿಕೊಂಡು ಬರಬೇಡಿ ಅಂತಲೂ ಹೇಳಿದರು. ಬಾವಿಗೆ ಬಿದ್ದರೆ, ನಾಯಿ ಕಚ್ಚಿದ್ದರೆ ಅರಣ್ಯ ಇಲಾಖೆಯ 1926ಕ್ಕೆ ಫೋನ್ ಮಾಡಬೇಕು. ಅವತ್ತು ರಾತ್ರಿ ನನಗೆ ಆ ಬದುವಿನ ಚಿಗರಿಯ ಮರಿ ನೆನಪಾಗಿ ನಿದ್ದೆ ಬರಲಿಲ್ಲ. ಅದು ಅಲ್ಲೇ ಎಲ್ಲೋ ಹುಲ್ಲಲ್ಲಿ ಕಾಯುತ್ತಾ ಮಲಗಿತ್ತೇನೋ.

ರೈತರ ಜೊತೆ ಮಾತಾಡುವ ರೀತಿಯೂ ಸರಿ ಇದೆ. ಚಿಗರಿ 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ, ಕೊಂದರೆ 3ರಿಂದ 7 ವರ್ಷ ಜೈಲು ಅಂತ ಹೆದರಿಸಿ ಬಂದುಬಿಡುವುದಿಲ್ಲ. ಬೆಳೆ ಹಾಳಾದವರ ಜೊತೆ ಕೂತು, ಹೊಲದ ಫೋಟೋ ತೆಗೆದು, ಪಹಣಿ, ಪಾಸ್‌ಬುಕ್ ಜೋಡಿಸಿ ಪರಿಹಾರದ ಅರ್ಜಿ ತುಂಬಿಕೊಡುತ್ತಾರೆ. ನಮ್ಮ ಅಪ್ಪನದೂ ಹಾಗೇ ತುಂಬಿದ್ದು.

ಹೋದ ತಿಂಗಳು ಅಪ್ಪನೂ ಚಿಗರಿ ಎಣಿಕೆಗೆ ಬಂದರು. ಅವರು ಬಂದೂಕು ವಾಪಸ್ ಕೊಟ್ಟು ಬಹಳ ವರ್ಷವಾಯ್ತು. ಮಕ್ಕಳೆಲ್ಲ ಎಣಿಸಿ 31 ಅಂತ ಬರೆದರು. ಅಪ್ಪ ಕಣ್ಣಿಗೆ ಕೈ ಅಡ್ಡ ಹಿಡಿದು, "33. ಬನ್ನಿ ಗಿಡದ ಈಚೆ ಎರಡು ಕೂತಿವೆ, ಕಿವಿ ನೋಡ್ರಿ" ಅಂದರು. ಬೈನಾಕ್ಯುಲರ್ ಹಿಡಿದರೆ ಹೌದು, ಹುಲ್ಲಿನ ಮೇಲೆ ನಾಲ್ಕು ಕಿವಿ. ಮಗಳು 31 ಹೊಡೆದು 33 ಅಂತ ಬರೆದು, ಪಕ್ಕದಲ್ಲಿ ಅಜ್ಜ ಅಂತ ಹಾಕಿದಳು.

ಸೋಮವಾರ ರಜೆ. ಉಳಿದ ದಿನ ಬೆಳಿಗ್ಗೆ 6ರಿಂದ 9, ಸಂಜೆ 5ರಿಂದ 8. ಬೇಸಿಗೆಯಲ್ಲಿ ಬೆಳಗಿನ ಬ್ಯಾಚೇ ಕೇಳಿ. ಹೊಸ ರೈಫಲ್ ಕೊಳ್ಳಲು ಅವಸರ ಮಾಡಬೇಡಿ, ಹೊರದೇಶದ್ದು ಲಕ್ಷಗಟ್ಟಲೆ ಆಗುತ್ತೆ. ಮೊದಲ ವರ್ಷ ಕ್ಲಬ್ಬಿನದೇ ಸಾಕು. ಚಪ್ಪಟೆ ತಳದ ಶೂ, ಒಂದು ನೀರಿನ ಬಾಟಲಿ ಕಳಿಸಿ. ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತಿದ್ದೇನೆ. ಟಾಯ್ಲೆಟ್ ಕಟ್ಟಿಸಿದ ದಿನ ಐದು ಮಾಡುತ್ತೇನೆ.