ಆರಡಿಯ ದೆವ್ವದ ಬೊಂಬೆ: ಒಳಗೇನಿದೆ, ಕೆಟ್ಟ ಮೇಲೆ ಎಷ್ಟು ಉಳಿಯುತ್ತದೆ

ಅಮೆರಿಕದಲ್ಲಿ ದೆವ್ವಭೂತಗಳ ಹಬ್ಬ ಹ್ಯಾಲೋವೀನ್ ಬರುವುದು ಅಕ್ಟೋಬರ್ 31ಕ್ಕೆ. ಅಂಗಡಿಗಳಲ್ಲಿ ದೆವ್ವಗಳು ಸಾಲುಗಟ್ಟಿ ನಿಲ್ಲುವುದು ಮಾತ್ರ ಬೇಸಿಗೆ ಮುಗಿಯುವ ಮೊದಲೇ. 2020ರಲ್ಲಿ ಹೋಮ್ ಡಿಪೋ ಎಂಬ ಮಳಿಗೆ ಸರಣಿ 299 ಡಾಲರಿಗೆ 12 ಅಡಿಯ ಅಸ್ಥಿಪಂಜರ ತಂದ ಮೇಲೆ ಎತ್ತರದ ಪೈಪೋಟಿ ಜೋರಾಯಿತು. ಅಷ್ಟೆತ್ತರದ ಮೈಯಲ್ಲಿ ಅಲುಗುತ್ತಿದ್ದದ್ದು ಎಲ್‌ಸಿಡಿ ಕಣ್ಣು ಮಾತ್ರ. ಇಲ್ಲಿ ಪರೀಕ್ಷೆಗೆ ತೆಗೆದುಕೊಂಡಿರುವುದು ನಿಜವಾಗಿ ಅಲುಗುವ ಜಾತಿ: ಆರಡಿ ಎತ್ತರ, ಕಪ್ಪು ನಿಲುವಂಗಿ, ಲೇಟೆಕ್ಸ್ ಮುಖ, ಎದುರಿಗೆ ಯಾರಾದರೂ ಹಾದರೆ ಸೊಂಟ ತಿರುಗಿಸಿ ಕಣ್ಣು ಕೆಂಪು ಮಾಡಿ ಕೇಕೆ ಹಾಕುವ ಮಾಟಗಾತಿ. ಯಾವ ಕಂಪನಿಯ ಹೆಸರಿನಲ್ಲಿ ಬಂದರೂ ಬಟ್ಟೆ ಬಿಚ್ಚಿದರೆ ಒಳಗಿನ ಸರಕು ಹೆಚ್ಚುಕಮ್ಮಿ ಒಂದೇ, ಹಾಗಾಗಿ ಒಂದೇ ವಿಮರ್ಶೆ ಸಾಕು.

ಹೊಸದಕ್ಕೆ 200ರಿಂದ 400 ಡಾಲರ್. ನವೆಂಬರ್ 1ರ ನಂತರ ಉಳಿದದ್ದು ಅರ್ಧ ಬೆಲೆಗೆ ಇಳಿಯುವುದು ಮಾಮೂಲು. ಇವೆರಡಕ್ಕಿಂತ ಒಳ್ಳೆಯ ವ್ಯಾಪಾರವೆಂದರೆ ಯಾರದೋ ಗ್ಯಾರೇಜಿನಲ್ಲಿ ‘ಕೆಲಸ ಮಾಡಲ್ಲ’ ಎಂಬ ಚೀಟಿ ಅಂಟಿಸಿಕೊಂಡು ನಿಂತಿರುವ ಬೊಂಬೆ. ಬೆಸುಗೆ ಹಾಕಲು ಬರುವವರು ಅದನ್ನೇ ಕೊಳ್ಳಲಿ. ಕಬ್ಬಿಣದ ಕೊಳವೆಯ ಚೌಕಟ್ಟು, ಮುಖ, ಕೈಗಳು ಕೊಟ್ಟ ಹಣಕ್ಕೆ ಮೋಸವಿಲ್ಲದಂತೆ ಇರುತ್ತವೆ. ಮೋಟಾರು ಪರವಾಗಿಲ್ಲ. ಸ್ಪೀಕರ್ ಸಾಧಾರಣ. ವೈರಿಂಗ್ ಕಳಪೆ, ಮತ್ತು ಮೊದಲು ಕೈಕೊಡುವುದೂ ಅದೇ.

ಬಿಚ್ಚುವ ಮೊದಲು ಮೂರು ತಪಾಸಣೆ. ಮೊದಲನೆಯದು ಸ್ವಿಚ್ಚು. ಅಂಗಡಿಯಲ್ಲಿ ಒತ್ತಿ ನೋಡುವ ಡೆಮೊ ಸ್ಥಾನದಲ್ಲೇ ಅದು ಉಳಿದಿದ್ದರೆ ಸೆನ್ಸರ್ ಕೆಲಸ ಮಾಡುವುದಿಲ್ಲ. ಕೆಟ್ಟಿದೆಯೆಂದು ಮಾರಾಟಕ್ಕಿಟ್ಟ ಬೊಂಬೆಗಳಲ್ಲಿ ಇಂಥವೂ ಇರುತ್ತವೆ. ಎರಡನೆಯದು ಅಡಾಪ್ಟರ್. ಮಲ್ಟಿಮೀಟರ್ ಹಿಡಿದರೆ ಲೇಬಲ್ಲಿನಲ್ಲಿ ಬರೆದಷ್ಟು ವೋಲ್ಟ್ ಬರಬೇಕು, ಮೋಟಾರು ತಿರುಗುವಾಗಲೂ ಹೆಚ್ಚು ಕುಸಿಯಬಾರದು. ಖಾಲಿ ಇದ್ದಾಗ 6 ತೋರಿಸಿ ಮೋಟಾರು ಶುರುವಾದೊಡನೆ 3ಕ್ಕೆ ಬಿದ್ದರೆ ಬೊಂಬೆ ಕುಯ್ ಎಂದು ನಿಂತು ಮತ್ತೆ ಮೊದಲಿಂದ ಶುರು ಮಾಡುತ್ತದೆ. ಅದು ದೆವ್ವದ ಆಟವಲ್ಲ, ಅಡಾಪ್ಟರಿನ ಸಾವು. ಬದಲಿ ತರುವಾಗ ವೋಲ್ಟ್ ಅಷ್ಟೇ ಇರಲಿ, ಆಂಪಿಯರ್ ಅಷ್ಟೇ ಅಥವಾ ಹೆಚ್ಚಿರಲಿ, ಪಿನ್ನಿನ ಒಳಗೆ ಪ್ಲಸ್ಸೋ ಮೈನಸ್ಸೋ ಎಂಬ ಚಿಹ್ನೆ ಹೊಂದಲಿ. ಮೂರನೆಯದು ಬ್ಯಾಟರಿ ಡಬ್ಬಿ. ಕಳೆದ ವರ್ಷದ ಆಲ್ಕಲೈನ್ ಸೆಲ್ಲು ಸೋರಿ ಬಿಳಿ ಪುಡಿ ಕಟ್ಟಿದ್ದರೆ ವಿನೆಗರ್‌ನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ಉಜ್ಜಿ, ಆಮೇಲೆ ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ. ಸೋರಿದ್ದು ಕ್ಷಾರ, ಅದಕ್ಕೇ ಹುಳಿ ಬೇಕು.

ಈ ಮೂರೂ ಸರಿಯಿದ್ದರೆ ಬೆನ್ನಿನ ಡಬ್ಬಿ ತೆಗೆಯಿರಿ. ಮೋಟಾರಿನ ಎರಡು ವೈರಿನ ಪ್ಲಗ್ಗನ್ನು ಬೋರ್ಡಿನಿಂದ ಕಿತ್ತು, ಅದು 6 ವೋಲ್ಟಿನ ಬೊಂಬೆಯಾದರೆ ನಾಲ್ಕು ಎಎ ಸೆಲ್ಲುಗಳಿಂದ ನೇರವಾಗಿ ವಿದ್ಯುತ್ ಕೊಡಿ. ಸೊಂಟ ತಿರುಗಿದರೆ ಮೋಟಾರು, ಗೇರು ಎರಡೂ ಚೆನ್ನಾಗಿವೆ, ತೊಂದರೆ ಬೋರ್ಡಿನದು ಅಥವಾ ವೈರಿನದು. ಗುಂಯ್ ಎಂದು ನಿಂತಲ್ಲೇ ನಿಂತರೆ ಏನೋ ಸಿಕ್ಕಿಕೊಂಡಿದೆ, ಹೆಚ್ಚಾಗಿ ನಿಲುವಂಗಿಯ ದಾರ. ಮೋಟಾರು ಜೋರಾಗಿ ತಿರುಗುವ ಸದ್ದು ಬಂದು ಸೊಂಟ ಮಾತ್ರ ಅಲುಗದಿದ್ದರೆ ನೈಲಾನ್ ಗೇರಿನ ಹಲ್ಲು ಸವೆದಿದೆ ಅಥವಾ ಮೋಟಾರಿನ ಶಾಫ್ಟಿಗೆ (ತಿರುಗುವ ಸರಳಿಗೆ) ಬಿಗಿದ ತೋಳಾದ ಕ್ರ್ಯಾಂಕಿನ ಸ್ಕ್ರೂ ಸಡಿಲವಾಗಿ ಅದು ಜಾರುತ್ತಿದೆ. ಸ್ಕ್ರೂ ಆಗಿದ್ದರೆ ಅದೃಷ್ಟ: ಶಾಫ್ಟಿನ ಚಪ್ಪಟೆ ಮುಖಕ್ಕೆ ಸರಿಯಾಗಿ ಕೂರಿಸಿ, ಒಂದು ತೊಟ್ಟು ಥ್ರೆಡ್‌ಲಾಕ್ (ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಅಂಟು) ಹಾಕಿ ಬಿಗಿದರೆ ಮುಗಿಯಿತು. ಥ್ರೆಡ್‌ಲಾಕ್ ಪ್ಲಾಸ್ಟಿಕ್ಕಿಗೆ ತಾಗದಂತೆ ನೋಡಿಕೊಳ್ಳಿ, ಕೆಲವು ಪ್ಲಾಸ್ಟಿಕ್ ಅದರಿಂದ ಬಿರಿಯುತ್ತವೆ.

ಹೆಚ್ಚು ಬೊಂಬೆಗಳನ್ನು ಮೂಲೆಗೆ ತಳ್ಳುವುದು ಕತ್ತು. ಕಣ್ಣಿನ ಎಲ್‌ಇಡಿ, ಬಾಯಿಯ ಪುಟ್ಟ ಮೋಟಾರು ಇವುಗಳ ವೈರೆಲ್ಲ ಕತ್ತಿನ ಸಂದಿಯಲ್ಲಿ ಹಾದುಹೋಗುತ್ತವೆ. ತಲೆ ಪ್ರತಿ ಸಲ ತಿರುಗಿದಾಗಲೂ ಅದೇ ಒಂದು ಅಂಗುಲ ಮಡಚಿಕೊಳ್ಳುತ್ತದೆ. ಹೊರಗಿನ ಪ್ಲಾಸ್ಟಿಕ್ ಹೊದಿಕೆ ಚೆನ್ನಾಗಿಯೇ ಕಾಣುತ್ತದೆ, ಒಳಗೆ ತಾಮ್ರದ ಎಳೆಗಳು ಒಂದೊಂದಾಗಿ ಕಡಿದಿರುತ್ತವೆ. ಗುರುತು ಸುಲಭ: ತಲೆ ಎಡಕ್ಕಿದ್ದಾಗ ಕಣ್ಣು ಉರಿಯುತ್ತದೆ, ಬಲಕ್ಕೆ ಬಂದೊಡನೆ ಆರುತ್ತದೆ. ವೈರನ್ನು ಎರಡು ಬೆರಳ ನಡುವೆ ಹಿಡಿದು ಮೆಲ್ಲಗೆ ಎಳೆಯುತ್ತಾ ಬನ್ನಿ. ಕಡಿದ ಜಾಗದಲ್ಲಿ ಅದು ರಬ್ಬರ್ ಬ್ಯಾಂಡಿನಂತೆ ಹಿಗ್ಗುತ್ತದೆ.

ಇಲ್ಲಿ ಎಲ್ಲರೂ ಮಾಡುವ ತಪ್ಪು ಕಡಿದ ಜಾಗದಲ್ಲೇ ಬೆಸುಗೆ ಹಾಕುವುದು. ಸೀಸ ಎಳೆಗಳ ಒಳಗೆ ಹರಿದು ವೈರನ್ನು ಕಡ್ಡಿಯಂತೆ ಗಟ್ಟಿ ಮಾಡುತ್ತದೆ. ಆ ಗಟ್ಟಿ ಭಾಗ ಮುಗಿದು ಮೆತ್ತಗಿನ ಭಾಗ ಶುರುವಾಗುವ ಗೆರೆಯಲ್ಲಿ ವಾರದೊಳಗೆ ಮತ್ತೆ ಕಡಿಯುತ್ತದೆ. ಕತ್ತಿನ ಭಾಗದ ವೈರನ್ನೇ ಪೂರ್ತಿ ತೆಗೆದು ಸಿಲಿಕೋನ್ ಹೊದಿಕೆಯ, ಸಣ್ಣ ಎಳೆಗಳ 22 ಅಥವಾ 24 ಗೇಜಿನ ವೈರು ಹಾಕಿ. ಬೆಸುಗೆ ತಲೆಯ ಒಳಗೊಂದು, ಎದೆಯ ಒಳಗೊಂದು ಇರಲಿ, ಎರಡೂ ಅಲುಗದ ಜಾಗ. ಮೇಲೆ ಬಿಸಿಗೆ ಕುಗ್ಗಿ ಬಿಗಿಯುವ ಹೀಟ್‌ಶ್ರಿಂಕ್ ಕೊಳವೆ ಹಾಕಿ. ನಡುವೆ ನಾಲ್ಕೈದು ಅಂಗುಲ ಹೆಚ್ಚುವರಿ ಬಿಟ್ಟು ಸಡಿಲ ಸುತ್ತು ಮಾಡಿ, ಸುತ್ತಿನ ಎರಡೂ ತುದಿಯನ್ನು ಕೇಬಲ್ ಟೈನಿಂದ ಚೌಕಟ್ಟಿಗೆ ಕಟ್ಟಿ. ಸುತ್ತನ್ನೇ ಬಿಗಿದು ಕಟ್ಟಿದರೆ ಮಾಡಿದ್ದೆಲ್ಲ ವ್ಯರ್ಥ. ಕಣ್ಣನ್ನೂ ಬದಲಿಸುವುದಾದರೆ 5 ವೋಲ್ಟಿಗೆ ಕೆಂಪು ಎಲ್‌ಇಡಿಗೆ 150 ಓಮ್, ಬಿಳಿ ಅಥವಾ ನೀಲಿಗೆ 100 ಓಮ್, ಪ್ರತಿ ಕಣ್ಣಿಗೂ ಬೇರೆ ಬೇರೆ ರೆಸಿಸ್ಟರ್.

ಗೇರು ಸವೆದಿದ್ದರೆ ಅಂಟು ತರಬೇಡಿ, ನೈಲಾನಿಗೆ ಸೂಪರ್ ಗ್ಲೂ ಭದ್ರವಾಗಿ ಕಚ್ಚುವುದಿಲ್ಲ. ಬದಲಿ ಗೇರಿಗೆ ಅಳತೆ ಹೀಗೆ: ಹಲ್ಲು ಎಣಿಸಿ 2 ಕೂಡಿಸಿ, ಹೊರ ವ್ಯಾಸವನ್ನು ಅದರಿಂದ ಭಾಗಿಸಿ. 40 ಹಲ್ಲು, 21 ಮಿಲಿಮೀಟರ್ ವ್ಯಾಸ ಎಂದರೆ 21 ಭಾಗ 42, ಮಾಡ್ಯೂಲ್ (ಹಲ್ಲಿನ ಗಾತ್ರದ ಅಳತೆ) 0.5. ಮಾಡ್ಯೂಲ್, ಹಲ್ಲು, ಶಾಫ್ಟಿನ ತೂತು ಮೂರೂ ಹೊಂದಿದರೆ ಸಾಕು. ಹಾಗೆ ಹುಡುಕುವ ತಾಳ್ಮೆ ಇಲ್ಲದವರು ಇಡೀ ಮೋಟಾರನ್ನೇ ಬದಲಿಸಬಹುದು: 37 ಮಿಲಿಮೀಟರ್ ವ್ಯಾಸದ, 6 ಮಿಲಿಮೀಟರ್ ಡಿ-ಶಾಫ್ಟಿನ (ಒಂದು ಬದಿ ಚಪ್ಪಟೆ), ಲೋಹದ ಗೇರಿನ 12 ವೋಲ್ಟ್ ಮೋಟಾರು. ನಿಮಿಷಕ್ಕೆ 15ರಿಂದ 30 ಸುತ್ತಿನದು ಮಾಟಗಾತಿಗೆ ಒಪ್ಪುತ್ತದೆ. 60ರದ್ದು ಹಾಕಿದರೆ ಜಾತ್ರೆಯ ರಾಟೆ. ಇದಕ್ಕೆ 12 ವೋಲ್ಟಿನದೇ ಬೇರೆ ಅಡಾಪ್ಟರ್ ಬೇಕು. ಹಳೆಯ 6 ವೋಲ್ಟ್ ಕೊಟ್ಟರೆ ಸುಮಾರು ಅರ್ಧ ವೇಗ, ತಿರುಗಿಸುವ ಬಲವೂ ಅರ್ಧ. ನೈಲಾನ್ ಗೇರಿಗೆ ಸಿಲಿಕೋನ್ ಗ್ರೀಸ್ ಸವರಿ. ತುಕ್ಕು ಬಿಡಿಸುವ ಸ್ಪ್ರೇ ಗ್ರೀಸಿನ ಕೆಲಸ ಮಾಡುವುದಿಲ್ಲ.

ಹಲ್ಲು ಸವೆಯಲು ಕಾರಣ ಮೋಟಾರಿನ ದೋಷವಾಗಿರುವುದು ಅಪರೂಪ. ಮಕ್ಕಳು ಕೈ ಹಿಡಿದು ಎಳೆಯುತ್ತಾರೆ, ಗಾಳಿ ಬಂದರೆ ನಿಲುವಂಗಿ ಹಾಯಿಪಟದಂತೆ ಉಬ್ಬಿ ಸೊಂಟವನ್ನು ಹಿಂದಕ್ಕೆ ತಿರುಚುತ್ತದೆ. ಬೆನ್ನಿನ ಬಟ್ಟೆಯಲ್ಲಿ ಉದ್ದಕ್ಕೆ ಎರಡು ಸೀಳು ಮಾಡಿದರೆ ಗಾಳಿ ಹಾದುಹೋಗುತ್ತದೆ, ಹರಿದ ನಿಲುವಂಗಿ ನೋಡಲೂ ಚೆನ್ನ. ತಳಕ್ಕೆ 10 ಕಿಲೋ ಮರಳಿನ ಚೀಲ ಇಡದೆ ಹೊರಗೆ ನಿಲ್ಲಿಸಬೇಡಿ.

ಚಲನೆ ಹೆಚ್ಚು ಬೇಕೆನಿಸಿದರೆ ಕ್ರ್ಯಾಂಕ್ ನೋಡಿ. ಶಾಫ್ಟಿನ ನಡುವಿನಿಂದ ಸಲಾಕೆ ಸಿಕ್ಕಿಸುವ ತೂತಿಗೆ 25 ಮಿಲಿಮೀಟರ್ ಇದ್ದರೆ ಸಲಾಕೆ 50 ಮಿಲಿಮೀಟರ್ ಆಚೀಚೆ ಹೋಗುತ್ತದೆ, ಯಾವಾಗಲೂ ಎರಡರಷ್ಟು. ತೂತನ್ನು 30ಕ್ಕೆ ಸರಿಸಿದರೆ 60. ಹಾಗೆ ಮಾಡುವ ಮೊದಲು ಕೈಯಲ್ಲೇ ಒಂದು ಪೂರ್ತಿ ಸುತ್ತು ತಿರುಗಿಸಿ ಎಲ್ಲೂ ಬಡಿಯುವುದಿಲ್ಲವೆಂದು ಖಾತ್ರಿ ಮಾಡಿಕೊಳ್ಳಿ. ಭಾರದ ಬೊಂಬೆಗೆ ಕಾರಿನ ವೈಪರ್ ಮೋಟಾರೇ ಗತಿ. ಗಣಪತಿ ಪೆಂಡಾಲಿನಲ್ಲಿ ಸೊಂಡಿಲು ಆಡಿಸುವ ಬೊಂಬೆಗಳಲ್ಲೂ ಅದನ್ನು ಬಳಸುವುದುಂಟು. ಅದನ್ನು 12 ವೋಲ್ಟಿನಲ್ಲಿ ಓಡಿಸಿದರೆ ವೇಗ ಜಾಸ್ತಿ, ಹಳೆಯ ಕಂಪ್ಯೂಟರಿನ ಪವರ್ ಸಪ್ಲೈನ 5 ವೋಲ್ಟಿನ ಕೆಂಪು ವೈರಿಗೆ ಕೊಟ್ಟರೆ ನಿಧಾನವಾಗಿ, ತೂಕವಾಗಿ ತಿರುಗುತ್ತದೆ. ಸಪ್ಲೈ ಎಚ್ಚರವಾಗಲು ಹಸಿರು ವೈರನ್ನು ಕಪ್ಪಿಗೆ ಸೇರಿಸಬೇಕು. ಕೆಲವು ವೈಪರ್ ಮೋಟಾರುಗಳ ಲೋಹದ ಮೈಯೇ ಮೈನಸ್. ಕಬ್ಬಿಣದ ಚೌಕಟ್ಟಿಗೆ ಬಿಗಿಯುವ ಮೊದಲು ಇದನ್ನು ಮೀಟರಿನಲ್ಲಿ ನೋಡಿ, ಫ್ಯೂಸ್ ಹಾಕಿ.

ಸೆನ್ಸರ್ ಕೂಡ ಈ ಬೊಂಬೆಗಳ ದುರ್ಬಲ ಅಂಗವೇ. ಬೆಳಕಿನ ಬದಲಾವಣೆ ನೋಡಿ ಎಚ್ಚರವಾಗುವಂಥದ್ದಿದ್ದರೆ ಪೂರ್ತಿ ಕತ್ತಲಲ್ಲಿ ಅದು ಕುರುಡು, ಕಾರಿನ ಹೆಡ್‌ಲೈಟಿಗೆ ಮಾತ್ರ ಚೀರುತ್ತದೆ. ಅದನ್ನು ಸರಿಪಡಿಸಲು ಹೋಗಬೇಡಿ. ಬಹಳಷ್ಟು ಬೊಂಬೆಗಳ ಬುಡದಲ್ಲಿ ಕಾಲಿಟ್ಟರೆ ಚಾಲೂ ಆಗುವ ಮ್ಯಾಟಿಗೆಂದು ಸಣ್ಣ ಸಾಕೆಟ್ ಇರುತ್ತದೆ. ಆ ಮ್ಯಾಟ್ ಬರೀ ಒಂದು ಸ್ವಿಚ್ಚು. ಎರಡು ವೈರು ಕೂಡಿದರೆ ಬೊಂಬೆ ಏಳುತ್ತದೆ. ಅಲ್ಲಿಗೆ ಒಂದು ರಿಲೇ ಮಾಡ್ಯೂಲಿನ (ಸಂಕೇತ ಬಂದಾಗ ತಾನೇ ಕೂಡುವ ಸ್ವಿಚ್ಚಿನ) ಸಂಪರ್ಕ ಕೊಟ್ಟರೆ ಯಾವ ಸೆನ್ಸರನ್ನಾದರೂ ಹಾಕಿಕೊಳ್ಳಬಹುದು, ಮೂಲ ಬೋರ್ಡನ್ನು ಮುಟ್ಟುವುದೇ ಬೇಡ. ಇಡೀ ಬೊಂಬೆಯಲ್ಲಿ ತಯಾರಕರು ಮಾಡಿದ ಅತ್ಯುತ್ತಮ ಉಪಕಾರ ಈ ಸಾಕೆಟ್. ಕೊಳ್ಳುವಾಗ ಅದು ಇದೆಯೇ ಎಂದು ಬಗ್ಗಿ ನೋಡಿ, ಇಲ್ಲದಿದ್ದರೆ ಚೌಕಾಸಿ ಮಾಡಿ.

ಅಲ್ಲಿಗೆ ಅಗ್ಗದ ಎಚ್‌ಸಿ-ಎಸ್‌ಆರ್501 ಪಿಐಆರ್, ಅಂದರೆ ಮೈಯ ಶಾಖದಿಂದ ಚಲನೆ ಹಿಡಿಯುವ ಸೆನ್ಸರ್, ಸಾಕು. 5 ವೋಲ್ಟಿಗೆ ನಡೆಯುತ್ತದೆ, ಹೊರಗೆ ಕೊಡುವುದು 3.3 ವೋಲ್ಟಿನ ಸಂಕೇತ. ಅಷ್ಟಕ್ಕೇ ಸ್ಪಂದಿಸುವ ರಿಲೇ ಮಾಡ್ಯೂಲ್ ಆರಿಸಿ. ಎರಡು ತಿರುಪುಗಳಲ್ಲಿ ಒಂದು ದೂರದ್ದು, ಸುಮಾರು 3ರಿಂದ 7 ಮೀಟರ್. ಇನ್ನೊಂದು ಸಮಯದ್ದು, ಅದನ್ನು ಕನಿಷ್ಠಕ್ಕೆ ಇಡಿ. ವಿದ್ಯುತ್ ಕೊಟ್ಟ ಮೊದಲ ಒಂದು ನಿಮಿಷ ಅದು ಹುಚ್ಚುಹುಚ್ಚಾಗಿ ವರ್ತಿಸುತ್ತದೆ, ಕೆಟ್ಟಿದೆ ಎಂದುಕೊಳ್ಳಬೇಡಿ. ನೇರ ಎದುರಿಗೆ ನಡೆದು ಬರುವವರಿಗಿಂತ ಅಡ್ಡ ಹಾಯುವವರನ್ನು ಚೆನ್ನಾಗಿ ಹಿಡಿಯುತ್ತದೆ, ಆದ್ದರಿಂದ ದಾರಿಯ ಪಕ್ಕಕ್ಕೆ ಇಡಿ. ರಸ್ತೆಯಲ್ಲಿ ಹೋಗುವವರಿಗೆಲ್ಲ ಕೂಗಿದರೆ ಮಸೂರದ ಸುತ್ತ ಕಪ್ಪು ಪೈಪಿನ ತುಂಡು ಸಿಕ್ಕಿಸಿ, ನೋಟ ಕಿರಿದಾಗುತ್ತದೆ.

ಸದ್ದು ಬದಲಿಸಲು ಡಿಎಫ್‌ಪ್ಲೇಯರ್ ಮಿನಿ, ಮೆಮೊರಿ ಕಾರ್ಡಿನಲ್ಲಿರುವ ಸದ್ದು ನುಡಿಸುವ ಪುಟ್ಟ ಬೋರ್ಡು. ಬೆಲೆಗೆ ಹೋಲಿಸಿದರೆ ಕೆಲಸ ಅದ್ಭುತ, ಸ್ವಭಾವ ಮಾತ್ರ ಹಟಮಾರಿ. 3.2ರಿಂದ 5 ವೋಲ್ಟ್, 3 ವಾಟ್‌ನ ಸ್ಪೀಕರನ್ನು ನೇರವಾಗಿ ನಡೆಸುತ್ತದೆ. ಕಾರ್ಡ್ 32 ಜಿಬಿ ಮೀರಬಾರದು, ಫಾರ್ಮ್ಯಾಟ್ ಫ್ಯಾಟ್32. ಬರೀ ಬಟನ್ ಹಾಕಿ ನಡೆಸಿದರೆ ಅದು ಹಾಡುವುದು ಕಡತದ ಹೆಸರಿನ ಕ್ರಮದಲ್ಲಿ ಅಲ್ಲ, ಕಾರ್ಡಿಗೆ ನಕಲು ಮಾಡಿದ ಕ್ರಮದಲ್ಲಿ. ಅದಕ್ಕೇ ಕಾರ್ಡನ್ನು ಖಾಲಿ ಮಾಡಿ ಒಂದೊಂದಾಗಿ ಹಾಕಬೇಕು. ಮ್ಯಾಕ್ ಕಂಪ್ಯೂಟರಿನಲ್ಲಿ ನಕಲು ಮಾಡಿದರೆ ಕಣ್ಣಿಗೆ ಕಾಣದ ಕಡತಗಳೂ ಸೇರಿಕೊಂಡು ಲೆಕ್ಕ ತಪ್ಪುತ್ತದೆ. ಸ್ಪೀಕರಿನ ಎರಡು ವೈರಿನಲ್ಲಿ ಯಾವುದನ್ನೂ ಗ್ರೌಂಡಿಗೆ ಸೇರಿಸಬೇಡಿ, ಚಿಪ್ಪು ಸುಡುತ್ತದೆ. ಮೋಟಾರು ತಿರುಗಿದಾಗ ಕರಕರ ಸದ್ದು ಬಂದರೆ ಮೋಟಾರಿನ ಎರಡು ಕಾಲಿಗೆ 0.1 ಮೈಕ್ರೋಫ್ಯಾರಡ್ ಸೆರಾಮಿಕ್ ಕೆಪಾಸಿಟರ್, ಪ್ಲೇಯರಿನ ವಿದ್ಯುತ್ ಕಾಲಿಗೆ 470 ಮೈಕ್ರೋಫ್ಯಾರಡ್ ಹಾಕಿ. 12 ವೋಲ್ಟಿನಿಂದ 5 ಇಳಿಸಲು ಎಲ್‌ಎಂ2596 ಮಾಡ್ಯೂಲ್ ಬಳಸುವವರು ಮೊದಲು ಮೀಟರ್ ಹಿಡಿದು 5ಕ್ಕೆ ತಿರುಗಿಸಿ, ಆಮೇಲೆ ಪ್ಲೇಯರ್ ಜೋಡಿಸಿ. ಈ ಕ್ರಮ ತಿರುವುಮುರುವಾದರೆ ಇನ್ನೊಂದು ಪ್ಲೇಯರ್ ಕೊಳ್ಳಬೇಕಾಗುತ್ತದೆ.

ಬೊಂಬೆಯನ್ನು ಊರಿಗೆ ತರುವವರು ಅಡಾಪ್ಟರಿನ ಮೇಲೆ 100ರಿಂದ 240 ವೋಲ್ಟ್ ಎಂದಿದೆಯೇ ನೋಡಿಕೊಳ್ಳಲಿ. ಬರೀ 120 ಎಂದಿದ್ದರೆ ನಮ್ಮ 230 ವೋಲ್ಟಿಗೆ ಸಿಕ್ಕಿಸಿದ ಕ್ಷಣ ಹೊಗೆ. ಮೇಲೆ ಹೇಳಿದ ಪಿಐಆರ್, ಪ್ಲೇಯರ್, ಗೇರ್ ಮೋಟಾರು ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸಿಗುತ್ತವೆ, ವೈಪರ್ ಮೋಟಾರಿಗೆ ಜೆ.ಸಿ. ರೋಡು.

ಇನ್ನು ಮುಖ. ಲೇಟೆಕ್ಸಿಗೆ ಬಿಸಿಲು, ಸೆಕೆ, ಎಣ್ಣೆ ಮೂರೂ ಶತ್ರುಗಳು. ಬಾಯಿಯ ಮೂಲೆಯಲ್ಲಿ ಹರಿದರೆ ಒಳಗಿನಿಂದ ತೆಳು ಹತ್ತಿಬಟ್ಟೆಯ ಪಟ್ಟಿಯನ್ನು ದ್ರವ ಲೇಟೆಕ್ಸಿನಲ್ಲಿ ಅದ್ದಿ ಅಂಟಿಸಿ, ಒಣಗಿದ ಮೇಲೆ ಇನ್ನೆರಡು ಪದರ. ಬಣ್ಣ ಹಚ್ಚಲು ಅಕ್ರಿಲಿಕ್ಕನ್ನು ಅದೇ ಲೇಟೆಕ್ಸಿಗೆ ಬೆರೆಸಿ, ಬರೀ ಅಕ್ರಿಲಿಕ್ ಬಾಯಿ ಆಡಿದ ಹಾಗೆ ಸಿಪ್ಪೆ ಏಳುತ್ತದೆ. ನವೆಂಬರಿನಲ್ಲಿ ಒಳಗಿಡುವಾಗ ಸೆಲ್ಲು ತೆಗೆದು, ಮುಖದ ಒಳಗೆ ಕಾಗದ ತುರುಕಿ, ಮೇಲೆ ಟಾಲ್ಕಂ ಪೌಡರ್ ಉದುರಿಸಿ. ಅಟ್ಟದ ಮೇಲೆ ಬೇಡ. ಅಲ್ಲಿನ ಬೇಸಿಗೆಯ ಸೆಕೆಗೆ ಮಾಟಗಾತಿಯ ಮೂಗು ಗಲ್ಲಕ್ಕೆ ಅಂಟಿಕೊಳ್ಳುತ್ತದೆ, ಬಿಡಿಸಿದರೆ ಎರಡೂ ಕಿತ್ತು ಬರುತ್ತವೆ.