ಟ್ರಯಲ್‌ನಲ್ಲಿ ಡ್ರಗ್ ಇಂಟರಾಕ್ಷನ್ ನೋಡಲು ಯಾವುದು ಒಳ್ಳೇದು?

ನಾನು ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ಕ್ಲಿನಿಕಲ್ ಟ್ರಯಲ್ ಕೋಆರ್ಡಿನೇಟರ್. ರೋಗಿ ಬೇರೆ ಯಾವ ಮಾತ್ರೆ ನುಂಗುತ್ತಿದ್ದಾರೆ, ಅದು ಟ್ರಯಲ್ ಮದ್ದಿಗೆ ಆಗಿಬರುತ್ತದಾ ಎಂದು ನೋಡುವುದರಲ್ಲೇ ದಿನದ ಬಹುಪಾಲು ಹೋಗುತ್ತದೆ. ಇದಕ್ಕೆ ಆ್ಯಪ್, ವೆಬ್‌ಸೈಟ್ ಬೇಕಾದಷ್ಟಿವೆ. ಬಳಸಿ ನೋಡಿದವುಗಳ ಬಗ್ಗೆ ಮಾತ್ರ ಬರೆಯುತ್ತಿದ್ದೇನೆ.

ಟ್ರಯಲ್‌ನ ಹೊಸ ಮದ್ದು ಯಾವ ಆ್ಯಪ್‌ನಲ್ಲೂ ಸಿಗುವುದಿಲ್ಲ. ಅದಿನ್ನೂ ಮಾರುಕಟ್ಟೆಗೇ ಬಂದಿಲ್ಲ, ಅಲ್ವಾ? ಪ್ರೊಟೊಕಾಲ್‌ನಲ್ಲಿ (ಟ್ರಯಲ್‌ನ ನಿಯಮ ಪುಸ್ತಕದಲ್ಲಿ) ‘ಸಿವೈಪಿ3ಎ4 ಕಿಣ್ವವನ್ನು ಬಲವಾಗಿ ತಡೆಯುವ ಮದ್ದು ಕೊಡಬಾರದು’ ಎಂಬಂಥ ಸಾಲು ಇರುತ್ತದೆ, ಅಷ್ಟೇ. ದೇಹದಲ್ಲಿ ಅನೇಕ ಮದ್ದುಗಳನ್ನು ಒಡೆಯುವ ಕಿಣ್ವ ಇದು, ಇದನ್ನು ತಡೆದರೆ ಅಂಥ ಮದ್ದು ರಕ್ತದಲ್ಲಿ ಏರಿಬಿಡುತ್ತದೆ. ಹಾಗಾಗಿ ಸುಮ್ನೆ ಕೆಂಪು, ಹಸಿರು ತೋರಿಸುವುದಕ್ಕಿಂತ, ಯಾವ ಮದ್ದು ಯಾವ ಕಿಣ್ವಕ್ಕೆ ಏನು ಮಾಡುತ್ತದೆ ಎಂದು ಬಿಡಿಸಿ ಹೇಳುವುದೇ ನಮಗೆ ಜಾಸ್ತಿ ಉಪಯೋಗ.

ಉಚಿತವಾಗಿ ಸಿಗುವುದರಲ್ಲಿ ಡ್ರಗ್ಸ್.ಕಾಮ್, ಮೆಡ್‌ಸ್ಕೇಪ್ ಎರಡೂ ಸಲೀಸು. ಡ್ರಗ್ಸ್.ಕಾಮ್ ಮೇಜರ್, ಮಾಡರೇಟ್, ಮೈನರ್ ಎಂದು ವಿಂಗಡಿಸುತ್ತದೆ. ಊಟ, ಹಣ್ಣಿನ ಜೊತೆಗಿನ ತೊಡಕನ್ನೂ ಹೇಳುತ್ತದೆ. ಮೆಡ್‌ಸ್ಕೇಪ್‌ನ ಮಾತು ವೈದ್ಯರಿಗೆ ಹತ್ತಿರದ್ದು. ಇಟ್ರಾಕೊನಜೋಲ್ (ಫಂಗಸ್ ಮದ್ದು) ಜೊತೆ ಸಿಮ್ವಾಸ್ಟಾಟಿನ್‌ (ಕೊಲೆಸ್ಟ್ರಾಲ್ ಮಾತ್ರೆ) ಎಂಬಂಥ ದೊಡ್ಡ ತೊಡಕು ಎಲ್ಲಿ ಹಾಕಿದರೂ ಸಿಕ್ಕಿಬೀಳುತ್ತದೆ. ಕಷ್ಟ ಇರುವುದು ನಮ್ಮ ಊರಿನ ಮಾತ್ರೆಗಳಲ್ಲಿ. ಈ ತಾಣಗಳು ಅಮೆರಿಕದವು. ನೋವಿನ ಅಸೆಕ್ಲೋಫೆನಾಕ್, ಸಕ್ಕರೆ ಕಾಯಿಲೆಯ ಟೆನೆಲಿಗ್ಲಿಪ್ಟಿನ್ ಅಲ್ಲಿ ಮಾರಾಟಕ್ಕೇ ಇಲ್ಲ. ಒಂದು ಆ್ಯಪ್‌ನಲ್ಲಿ ಹುಡುಕಿದಾಗ ಹೆಸರೇ ಬರಲಿಲ್ಲ. ಆ ಮಾತ್ರೆಯನ್ನು ಬಿಟ್ಟು ಉಳಿದವನ್ನು ಹಾಕಿದರೆ ‘ತೊಂದರೆ ಇಲ್ಲ’ ಎಂಬ ಉತ್ತರ ಬರುತ್ತದೆ. ಇದು ನನಗೆ ನಿಜವಾಗಿಯೂ ಭಯ ಹುಟ್ಟಿಸುವ ಸಂಗತಿ. ಸಿಗದ ಹೆಸರನ್ನು ಕಾನ್‌ಮೆಡ್ ಲಾಗ್‌ನಲ್ಲಿ (ರೋಗಿಯ ಬೇರೆ ಮದ್ದುಗಳ ದಾಖಲೆಯಲ್ಲಿ) ‘ನೋಡಲಾಗಿಲ್ಲ’ ಎಂದೇ ಬರೆಯಬೇಕು.

ದುಡ್ಡು ಕೊಟ್ಟು ಬಳಸುವುದರಲ್ಲಿ ಲೆಕ್ಸಿಡ್ರಗ್ (ಹಳಬರಿಗೆ ಲೆಕ್ಸಿಕಾಂಪ್) ಮತ್ತು ಮೈಕ್ರೋಮೆಡೆಕ್ಸ್ ಇವೆ. ಲೆಕ್ಸಿಡ್ರಗ್ ಎ, ಬಿ, ಸಿ, ಡಿ, ಎಕ್ಸ್ ಎಂದು ದರ್ಜೆ ಕೊಡುತ್ತದೆ. ಎಕ್ಸ್ ಎಂದರೆ ಒಟ್ಟಿಗೆ ಕೊಡಲೇಬೇಡಿ, ಸಿ ಎಂದರೆ ಕಣ್ಣಿಟ್ಟಿರಿ. ಮೈಕ್ರೋಮೆಡೆಕ್ಸ್ ಅಪಾಯ ಎಷ್ಟು ಎಂಬುದರ ಜೊತೆ, ಅದಕ್ಕೆ ಪುರಾವೆ ಎಷ್ಟು ಗಟ್ಟಿ ಎಂಬುದನ್ನೂ ಬೇರೆಯಾಗಿ ತೋರಿಸುತ್ತದೆ. ಟ್ರಯಲ್ ದಾಖಲೆ ಪರಿಶೀಲಿಸುವ ಮಾನಿಟರ್ ಬಂದು ‘ಇದನ್ನು ಯಾಕೆ ಮುಂದುವರಿಸಿದಿರಿ’ ಎಂದು ಕೇಳಿದಾಗ ಈ ಎರಡನೇ ಅಂಕಣ ಕೈ ಹಿಡಿಯುತ್ತದೆ. ಆದರೂ ದಿನದ ಕೆಲಸಕ್ಕೆ ನನ್ನ ಓಟು ಲೆಕ್ಸಿಡ್ರಗ್‌ಗೆ. ಕಾರಣವನ್ನು ಚೆನ್ನಾಗಿ ಬಿಡಿಸಿ ಹೇಳುತ್ತದೆ. ಸಂಸ್ಥೆ ಚಂದಾ ಕಟ್ಟದಿದ್ದರೆ ಎರಡೂ ಕೈಗೆಟಕುವುದಿಲ್ಲ.

ಎಚ್‌ಐವಿ ಟ್ರಯಲ್ ಆದರೆ ಬೇರೆ ಯೋಚನೆ ಬೇಡ, ಲಿವರ್‌ಪೂಲ್ ವಿಶ್ವವಿದ್ಯಾಲಯದ ಉಚಿತ ತಾಣಕ್ಕೇ ಹೋಗಿ. ಕೆಂಪು, ಕಿತ್ತಳೆ, ಹಳದಿ, ಹಸಿರು ಬಣ್ಣ ಕೊಡುತ್ತದೆ, ಜೊತೆಗೆ ವಿವರಣೆಯೂ ಇರುತ್ತದೆ. ಡೊಲುಟೆಗ್ರಾವಿರ್ ತೆಗೆದುಕೊಳ್ಳುವವರಿಗೆ ಟಿಬಿ ಬಂದು ರಿಫಾಂಪಿಸಿನ್ ಶುರುವಾದರೆ 50 ಮಿ.ಗ್ರಾಂ. ಅನ್ನು ದಿನಕ್ಕೆ ಎರಡು ಸಲ ಕೊಡಬೇಕು. ಇಂಥದ್ದೆಲ್ಲ ಅಲ್ಲಿ ನೇರವಾಗಿ ಸಿಗುತ್ತದೆ. ಹೆಪಟೈಟಿಸ್‌ಗೂ ಇವರದ್ದೇ ಬೇರೆ ತಾಣ ಇದೆ.

ನಾನು ಅತಿ ಹೆಚ್ಚು ನೆಚ್ಚಿಕೊಂಡಿರುವುದು ಆ್ಯಪ್ ಅಲ್ಲ, ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ತಾಣದಲ್ಲಿರುವ, ಯಾವ ಮದ್ದು ಯಾವ ಕಿಣ್ವಕ್ಕೆ ಏನು ಮಾಡುತ್ತದೆ ಎಂಬ ಪಟ್ಟಿ ಮತ್ತು ನಮ್ಮದೇ ಒಂದು ಎಕ್ಸೆಲ್ ಶೀಟ್. ಒಂದು ಮದ್ದಿನಿಂದಾಗಿ ಇನ್ನೊಂದು ಮದ್ದು ರಕ್ತದಲ್ಲಿರುವ ಒಟ್ಟು ಪ್ರಮಾಣ, ಅಂದರೆ ಎಯುಸಿ, 5 ಪಟ್ಟು ಅಥವಾ ಅದಕ್ಕಿಂತ ಜಾಸ್ತಿ ಏರಿದರೆ ಅದು ಬಲವಾದ ತಡೆ. 2ರಿಂದ 5 ಪಟ್ಟಿನ ಒಳಗೆ ಮಧ್ಯಮ. ಪ್ರೊಟೊಕಾಲ್‌ನ ಭಾಷೆಯೂ ಇದೇ ಆದ್ದರಿಂದ ನಡುವೆ ಊಹೆಗೆ ಜಾಗವಿಲ್ಲ.

ಬಂಟ್ವಾಳದ ಕಡೆಯ ಒಬ್ಬರನ್ನು ಸ್ಕ್ರೀನಿಂಗ್‌ನಲ್ಲಿ ಕೇಳಿದೆ, “ಅಣ್ಣ, ಬೇರೆ ಎಂತ ಮದ್ದು ತೆಗೆದುಕೊಳ್ತೀರಿ?”

“ಎಂತದ್ದೂ ಇಲ್ಲ ಮೇಡಂ, ಬಿಪಿಯದ್ದು ಒಂದೇ.”

ಪ್ಲಾಸ್ಟಿಕ್ ಕವರ್ ಬಿಚ್ಚಿಸಿದರೆ ಒಳಗೆ ಹುಳುಕಡ್ಡಿಗೆ ಕೊಟ್ಟ ಇಟ್ರಾಕೊನಜೋಲ್ ಸ್ಟ್ರಿಪ್, ಅರ್ಧ ಖಾಲಿ. ನಮ್ಮ ಕರಾವಳಿಯ ಬೆವರಿಗೆ ಹುಳುಕಡ್ಡಿ ಮಾಮೂಲು, ಆ ಕ್ಯಾಪ್ಸೂಲೂ ಅಷ್ಟೇ ಮಾಮೂಲು. ಆದರೆ ಅದು ಸಿವೈಪಿ3ಎ4ಗೆ ಬಲವಾದ ತಡೆ. ನಿಲ್ಲಿಸಿದ ಮೇಲೂ ರಕ್ತದಿಂದ ಹೋಗಲು 7ರಿಂದ 14 ದಿನ ಬೇಕು. ಇಂಥ ಆ್ಯಪ್‌ಗೆ ಇವತ್ತಿನ ಮಾತ್ರೆ ಮಾತ್ರ ಗೊತ್ತು, ಹೋದ ವಾರ ಮುಗಿಸಿದ್ದು ಗೊತ್ತಿಲ್ಲ. ಶೀಟ್‌ನಲ್ಲಿ ಕೊನೆಯ ಡೋಸ್‌ನ ತಾರೀಕು ಹಾಕಿದರೆ ವಾಷ್‌ಔಟ್ (ಹಳೆಯ ಮದ್ದಿನ ಪರಿಣಾಮ ಹೋಗಲು ಕಾಯುವ ಅವಧಿ) ಮುಗಿಯುವ ದಿನ ತಾನೇ ಬರುತ್ತದೆ. ರಿಫಾಂಪಿಸಿನ್‌ಗೂ ಹೀಗೇ, ಅದು ಏರಿಸಿದ ಕಿಣ್ವ ಇಳಿಯಲು ಸುಮಾರು ಎರಡು ವಾರ.

ಅಧ್ಯಯನದ ಮಾಹಿತಿ ತುಂಬುವ ತಂತ್ರಾಂಶ ರೆಡ್‌ಕ್ಯಾಪ್‌ನಲ್ಲೂ ಇಂಥ ಎಚ್ಚರಿಕೆ ಕಟ್ಟಬಹುದು, ಆದರೆ ನಿಯಮ ನಾವೇ ಬರೆಯಬೇಕು. ದೊಡ್ಡ ಅಧ್ಯಯನಕ್ಕೆ ಸರಿ. ಚಿಕ್ಕದಕ್ಕೆ ಶೀಟ್ ಸಾಕು.

ಕಷಾಯದ ವಿಷಯದಲ್ಲಿ ಯಾವುದೂ ಪಾಸಾಗಿಲ್ಲ. ಅಮೃತಬಳ್ಳಿಯೋ, ಮನೆಯಲ್ಲೇ ಕುದಿಸಿದ ನಾಟಿ ಮದ್ದೋ, ಬಾಟಲಿಯ ಫೋಟೋ ತೆಗೆದು ಇನ್ವೆಸ್ಟಿಗೇಟರ್‌ಗೆ (ಟ್ರಯಲ್ ನಡೆಸುವ ವೈದ್ಯರಿಗೆ) ತೋರಿಸುವುದೇ ಈಗಿನ ದಾರಿ. ಚಕ್ಕೋತದ್ದೂ ಕೇಳಿ. ಗ್ರೇಪ್‌ಫ್ರೂಟ್ ಕೂಡ ಸಿವೈಪಿ3ಎ4 ಅನ್ನು ತಡೆಯುವುದರಿಂದ ಪ್ರೊಟೊಕಾಲ್‌ನಲ್ಲಿ ಅದು ಬೇಡ ಎಂದಿರುತ್ತದೆ. ಅದನ್ನು ಇಲ್ಲಿ ಯಾರೂ ತಿನ್ನುವುದಿಲ್ಲ ಎಂದು ದಾಟಿಹೋಗುತ್ತೇವೆ. ಅದೇ ಜಾತಿಯ ಚಕ್ಕೋತ ಮಾತ್ರ ಮನೆ ಹಿತ್ತಲಲ್ಲೇ ಇರುತ್ತದೆ. ಎಥಿಕ್ಸ್ ಕಮಿಟಿ ಒಪ್ಪಿಗೆ ಪಡೆದು ರೋಗಿಗೆ ಕೊಡುವ ಕಾರ್ಡ್‌ನಲ್ಲಿ ಈಗ ಚಕ್ಕೋತ, ಹುಳುಕಡ್ಡಿ ಮಾತ್ರೆ ಎರಡನ್ನೂ ಕನ್ನಡದಲ್ಲೇ ಹಾಕಿಸುತ್ತಿದ್ದೇವೆ. ಊರಿನ ಮೆಡಿಕಲ್‌ನವರೂ ಅದನ್ನು ನೋಡಿ ನಮಗೆ ಫೋನ್ ಮಾಡುತ್ತಾರೆ.